ಅಧ್ಯಕ್ಷರಿಲ್ಲದ ಕೂಟ

ನಮ್ಮ ಕಡೆ ನಾಲ್ಕು ಜನ ಒಟ್ಟು ಸೇರಿದರೆ ಐದನೆಯವರನ್ನು ಹುಡುಕಿ ಅಧ್ಯಕ್ಷತೆ ಕೊಡುವ ಕ್ರಮ ಉಂಟು. ಆರನೆಯವರು ಉದ್ಘಾಟಕರು, ಏಳನೆಯವರು ಮುಖ್ಯ ಅತಿಥಿ. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಎಲ್ಲ ಮುಗಿದ ಮೇಲೆ, ಯಾವುದಕ್ಕಾಗಿ ಸೇರಿದ್ದೆವೋ ಅದಕ್ಕೆ ಇಪ್ಪತ್ತು ನಿಮಿಷ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಮುತ್ತ ಬೇಸ್ ಗಿಟಾರ್ ನುಡಿಸುವವರೆಲ್ಲ ಒಂದು ಮಧ್ಯಾಹ್ನ ಸುಮ್ಮನೆ ಸೇರೋಣ ಅಂತ ನಾನು ಹೇಳಿದಾಗಲೂ ಮೊದಲು ಬಂದ ಪ್ರಶ್ನೆ, "ಗೆಸ್ಟ್ ಯಾರು ಮಾರಾಯ್ರೆ?"

ಗೆಸ್ಟ್ ಯಾರೂ ಇಲ್ಲ ಅಂದೆ. ಹಾಗಾದರೆ ಪ್ರೋಗ್ರಾಂ ಎಂತದು? ಪ್ರೋಗ್ರಾಮೂ ಇಲ್ಲ. ಮತ್ತೆ ಯಾಕೆ ಸೇರುವುದು?

ಈ ಕೊನೆಯ ಪ್ರಶ್ನೆ ಸರಿಯಾದದ್ದು. ಅದಕ್ಕೆ ಉತ್ತರ ಕೊಡಬೇಕಾದರೆ ಬೇಸ್ ನುಡಿಸುವವನ ಬದುಕು ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು.

ಒಂದು ತಂಡದಲ್ಲಿ ಇಬ್ಬರು ಗಾಯಕರಿರಬಹುದು, ಇಬ್ಬರು ಕೀಬೋರ್ಡಿನವರಿರಬಹುದು, ಲೀಡ್ ಒಬ್ಬ, ರಿದಂ ಒಬ್ಬ ಅಂತ ಎರಡು ಗಿಟಾರ್ ಇರಬಹುದು. ಬೇಸ್ ಮಾತ್ರ ಒಂದೇ. ಎರಡು ಬೇಸ್ ಒಟ್ಟಿಗೆ ನುಡಿದರೆ ಕೆಸರು ಕಲಕಿದ ಹಾಗೆ ಆಗುತ್ತದೆ. ಇದರ ಪರಿಣಾಮ ಏನೆಂದರೆ, ಬೇಸ್ ನುಡಿಸುವವನು ಜೀವಮಾನದಲ್ಲಿ ಇನ್ನೊಬ್ಬ ಬೇಸ್ ನುಡಿಸುವವನ ಪಕ್ಕ ಕೂತುಕೊಳ್ಳುವುದೇ ಅಪರೂಪ. ನಾನು ಮೂಡುಬಿದಿರೆಯ ಮದುವೆ ರಸಮಂಜರಿಯಲ್ಲಿ ಇದ್ದರೆ ಅವನು ಬಿ.ಸಿ. ರೋಡಿನ ರಸಮಂಜರಿಯಲ್ಲಿ. ನಾನು ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ ಇರುವ ಆದಿತ್ಯವಾರ ಬೆಳಿಗ್ಗೆ ಅವನೂ ಅವನ ಇಗರ್ಜಿಯಲ್ಲಿ. ಗಾಯಕರು ಪರಸ್ಪರ ಕೇಳಿ ಕಲಿಯುತ್ತಾರೆ, ಜಗಳವಾಡುತ್ತಾರೆ, ಹೊಟ್ಟೆಕಿಚ್ಚು ಪಡುತ್ತಾರೆ. ನಮಗೆ ಆ ಹೊಟ್ಟೆಕಿಚ್ಚಿನ ಭಾಗ್ಯವೂ ಇಲ್ಲ. ಇನ್ನೊಬ್ಬನ ಬೆರಳು ಹೇಗೆ ಬೀಳುತ್ತದೆ ಅಂತ ನೋಡದೆಯೇ ಇಪ್ಪತ್ತು ವರ್ಷ ನುಡಿಸಿದವರು ಈ ಮೂರು ತಾಲೂಕಿನಲ್ಲಿ ಇದ್ದಾರೆ.

ಕೇಳುಗರಿಗೂ ನಾವು ಇದ್ದೇವೆ ಅಂತ ಗೊತ್ತಾಗುವುದು ಕಷ್ಟ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್ ಅಷ್ಟು ತಗ್ಗಿನ ದನಿಯನ್ನು ಹೊರಡಿಸಲಾರದು. ಅದರ ಮೇಲಿನ ಅನುರಣನಗಳನ್ನು ಕೇಳಿ ಕಿವಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಅಂದರೆ ಇವತ್ತು ಬಸ್ಸಿನಲ್ಲಿ ಮೊಬೈಲು ಹಿಡಿದು ಹಾಡು ಕೇಳುವವರ ಪಾಲಿಗೆ ಬೇಸ್ ಅನ್ನುವುದು ಹೆಚ್ಚುಕಡಿಮೆ ಊಹಾಪೋಹ. ಇನ್ನೊಂದು ಕಡೆ ಡಿಜೆಯವರ ದೊಡ್ಡ ಪೆಟ್ಟಿಗೆಗಳು ಎದೆಗೂಡು ನಡುಗಿಸುತ್ತವೆ. ಅದರಲ್ಲಿ ಬೇಸ್ ಉಂಟು, ಆದರೆ ನುಡಿಸುವವನು ಇಲ್ಲ.

ಇದು ನಮ್ಮೂರಿನ ದುಃಖ ಮಾತ್ರ ಅಲ್ಲ. ಅಮೆರಿಕದ ಡೆಟ್ರಾಯಿಟಿನಲ್ಲಿ ಮೋಟೌನ್ ಕಂಪೆನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅಂತ ಒಬ್ಬರಿದ್ದರು. ಬಲಗೈಯ ಒಂದೇ ಬೆರಳಿನಲ್ಲಿ ಮೀಟುತ್ತಿದ್ದರು. 1960ರ ದಶಕವಿಡೀ ಜಗತ್ತು ಅವರ ಬೆರಳಿಗೆ ಕುಣಿಯಿತು, ಆದರೆ ತಟ್ಟೆಯ ಹೊದಿಕೆಯಲ್ಲಿ ಹೆಸರು ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಆಲ್ಬಂ ಒಂದರಲ್ಲಿ ಅವರ ಹೆಸರು ಅಚ್ಚಾಯಿತು. ನಮ್ಮಲ್ಲೂ ಹಾಗೆಯೇ. 1981ರ 'ಗೀತಾ' ಸಿನಿಮಾದ ಹಾಡುಗಳನ್ನು ನನ್ನ ವಯಸ್ಸಿನವರು ಸಾವಿರ ಸಲ ಕೇಳಿದ್ದೇವೆ. ಹಾಡಿದವರು ಯಾರು, ಸಂಗೀತ ಇಳಯರಾಜ, ನಾಯಕ ಶಂಕರ್ ನಾಗ್, ಎಲ್ಲ ಗೊತ್ತು. ಆ ಹಾಡುಗಳ ಅಡಿಯಲ್ಲಿ ಓಡುವ ಬೇಸ್ ನುಡಿಸಿದವರು ಯಾರು ಅಂತ ಕೇಳಿದರೆ ಎಲ್ಲರೂ ಮಾಡು ನೋಡುತ್ತಾರೆ.

ಹೆಸರು ಬೇಡ, ಕೆಲಸ ಇರಲಿ ಅಂದರೆ ಈಗ ಅದಕ್ಕೂ ಸಂಚಕಾರ. ಕೀಬೋರ್ಡಿನಲ್ಲಿ ಎಡಗೈಯಿಂದ ಒಂದು ಸ್ವರಮೇಳ ಒತ್ತಿದರೆ ಡ್ರಮ್ಸು, ಬೇಸು ಎರಡೂ ತಾವಾಗಿಯೇ ನುಡಿಯುತ್ತವೆ. ಅದೂ ಬೇಡ ಅಂದರೆ ರೆಡಿಮೇಡ್ ಟ್ರ್ಯಾಕ್ ಉಂಟು. ಬಜೆಟ್ ಕಡಿಮೆ ಆದಾಗ ತಂಡದಿಂದ ಮೊದಲು ಇಳಿಯುವವನು ಬೇಸಿನವನೇ. "ನಿಮ್ಮದು ಕೀಬೋರ್ಡಿನಲ್ಲೇ ಬರ್ತದಲ್ವಾ" ಅಂತ ಒಂದು ತಂಡದ ಯಜಮಾನರು ನನಗೆ ಹೇಳಿದ್ದಾರೆ. ಬರ್ತದೆ, ಒಪ್ಪಿದೆ. ಆದರೆ ಗಾಯಕಿ ಉಸಿರು ತೆಗೆದುಕೊಳ್ಳುವುದಕ್ಕೆ ಅರ್ಧ ಮಾತ್ರೆ ತಡ ಮಾಡಿದಾಗ ಅವಳಿಗಾಗಿ ಕಾಯುವುದು ಆ ಯಂತ್ರಕ್ಕೆ ಬರುವುದಿಲ್ಲ. ಕಾಯುವುದೇ ನಮ್ಮ ಅರ್ಧ ವಿದ್ಯೆ.

ಹಾಗಾಗಿ ಸೇರಬೇಕು. ಹೇಗೆ ಸೇರಬೇಕು ಅನ್ನುವುದಕ್ಕೆ ನಮ್ಮ ಮಣ್ಣಿನಲ್ಲೇ ಒಂದು ಒಳ್ಳೆಯ ಮಾದರಿ ಉಂಟು: ತಾಳಮದ್ದಳೆ.

ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮುಗಿಯುತ್ತದೆ. ಗೆಜ್ಜೆ ಬಿಚ್ಚಿ ಮಳೆಗೆ ಮನೆ ಸೇರಿದವರು ಜಗಲಿಯಲ್ಲಿ ಚಾಪೆ ಹಾಸಿ ಕೂತರೆ ಅದೇ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳ ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಅರ್ಥ ಹೇಳುವವರು. ಕೇಳಲು ಬಂದವರು ನಾಲ್ಕೇ ಜನ ಆದರೂ ಸೈ, ಯಾರೂ ಬರದಿದ್ದರೂ ಸೈ. ಕಲಿಯುವ ಹುಡುಗ ಮದ್ದಳೆಯವರ ಹಿಂದೆ ಕೂತು ನೋಡುತ್ತಿದ್ದ. ನಡುವೆ "ಹಿಡಿ, ನೀನು ಸ್ವಲ್ಪ ನುಡಿಸು" ಅಂತ ಮದ್ದಳೆ ಅವನ ಮಡಿಲಿಗೆ ಬರುತ್ತಿತ್ತು. ತಪ್ಪಿದರೆ ನಗು, ಆಮೇಲೆ ಚಹಾ. ಯಾವ ಸರ್ಟಿಫಿಕೇಟೂ ಇಲ್ಲದ ಪಾಠಶಾಲೆ ಅದು.

ಈಗಿನ ತಾಳಮದ್ದಳೆಯ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಸುರು. ಜಗಲಿಯಿಂದ ಅದು ಸಭಾಭವನಕ್ಕೆ ಹೋಯಿತು. ಅರ್ಥಧಾರಿಗಳ ಫೋಟೋ ಫ್ಲೆಕ್ಸಿನಲ್ಲಿ ದೊಡ್ಡದಾಯಿತು. ಹಿಮ್ಮೇಳದವರ ಹೆಸರು ಕೆಳಗೆ ಒಂದು ಸಾಲು. ಒಂದು ಪದ್ಯ ಮುಗಿದರೆ ಅರ್ಧ ಗಂಟೆ ವಾಗ್ವಾದ, ಅಷ್ಟು ಹೊತ್ತು ಮದ್ದಳೆಯವರು ಕೈಕಟ್ಟಿ ಕೂತಿರಬೇಕು. ಹಿಮ್ಮೇಳದವರಿಗೂ ಅವಕಾಶ ಕೊಡೋಣ ಅಂತ ಹೊರಟರೆ ಅದು ಗಾನವೈಭವ, ಜುಗಲ್‌ಬಂದಿ ಆಗುತ್ತದೆ. ಅಲ್ಲಿ ವೇಗಕ್ಕೆ ಚಪ್ಪಾಳೆ, ಇನ್ನಷ್ಟು ವೇಗಕ್ಕೆ ಇನ್ನಷ್ಟು ಚಪ್ಪಾಳೆ. ಶ್ರುತಿಯೂ ಏರುತ್ತಾ ಬಂತು. ಬಡಗುತಿಟ್ಟಿನ ಹಿರಿಯಡ್ಕ ಗೋಪಾಲ ರಾಯರ (1919–2020) ಹೆಸರಿನ ಜೊತೆ 'ಏರು ಮದ್ದಳೆ' ಅನ್ನುವ ಮಾತು ಸೇರಿಕೊಂಡಿದೆ. ಏರಿದ ಕಂಠಕ್ಕೆ ತಕ್ಕ ಮದ್ದಳೆ ಬೇಕಿತ್ತು, ಅವರು ಅದನ್ನು ಸಾಧಿಸಿ ತೋರಿಸಿದರು, ದೊಡ್ಡ ಕೆಲಸ. ಆದರೆ ಏರುವುದೊಂದೇ ವಿದ್ಯೆ ಅಂತ ತಿಳಿಯುವುದು ನಮ್ಮ ಕಾಲದ ರೋಗ. ತಗ್ಗಿನಲ್ಲಿ ನಿಲ್ಲುವುದೂ ವಿದ್ಯೆಯೇ. ಮೃದಂಗದವರು ಎಡಬದಿಗೆ ರವೆಯ ಕಣಕ ಹಚ್ಚಿ ದನಿ ಇಳಿಸುವುದನ್ನು ನೋಡಿದವರಿಗೆ ಇದು ಗೊತ್ತು. ಆ ಒದ್ದೆ ರವೆ ಇಲ್ಲದಿದ್ದರೆ ಬಲಬದಿಯ ನಾದಕ್ಕೆ ಕೂರಲು ಜಾಗ ಇಲ್ಲ.

ಆದ್ದರಿಂದ ನಮ್ಮ ಕೂಟಕ್ಕೆ ಹಳೆಯ ಜಗಲಿಯ ಲೆಕ್ಕವನ್ನೇ ಇಟ್ಟುಕೊಂಡೆವು. ಕಾಲ: ಆಟಿ ತಿಂಗಳು. ಆಟಿಯಲ್ಲಿ ಮದುವೆ ಇಲ್ಲ, ಮೇಳ ಇಲ್ಲ, ಕೋಲ ಇಲ್ಲ. ಬೇಸಿನವನಿಗೂ ಮದ್ದಳೆಯವನಿಗೂ ಒಟ್ಟಿಗೆ ಪುರುಸೊತ್ತು ಇರುವ ಒಂದೇ ತಿಂಗಳು ಅದು. ಜಾಗ: ಗುರುವಾಯನಕೆರೆ ಹತ್ತಿರದ ಒಂದು ಹಂಚಿನ ಮನೆ. ಬಂಟ್ವಾಳದವರು ಪುಂಜಾಲಕಟ್ಟೆ, ಮಡಂತ್ಯಾರಿನ ಮೇಲಿಂದ ಬರಬಹುದು, ಮೂಡುಬಿದಿರೆಯವರು ವೇಣೂರಿನ ಮೇಲಿಂದ, ಬೆಳ್ತಂಗಡಿಯವರಿಗೆ ಅದು ಪಕ್ಕದಲ್ಲೇ. ಹಾಲ್ ಬೇಡ ಅಂದದ್ದಕ್ಕೆ ಬಾಡಿಗೆಯೊಂದೇ ಕಾರಣ ಅಲ್ಲ. ದಪ್ಪ ತಂತಿಯ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಕಾಂಕ್ರೀಟಿನ ನಾಲ್ಕು ಗೋಡೆಯ ನಡುವೆ ಅದು ಅಲ್ಲಲ್ಲೇ ಗುಂಯ್‌ಗುಟ್ಟಿ, ಒಂದು ಮೂಲೆಯಲ್ಲಿ ಕಿವಿ ಹರಿದರೆ ಇನ್ನೊಂದು ಕಡೆ ಕೇಳುವುದೇ ಇಲ್ಲ. ಮೂರು ಕಡೆ ತೆರೆದ ಜಗಲಿಯಲ್ಲಿ ಆ ತೊಂದರೆ ಕಡಿಮೆ. ಹೊತ್ತು: ಮಧ್ಯಾಹ್ನ ಎರಡರಿಂದ ಐದೂವರೆ. ರಾತ್ರಿ ಇಟ್ಟರೆ ಹೆಣ್ಣುಮಕ್ಕಳು ಬರುವುದಿಲ್ಲ, ಬಂದರೂ ಕೊನೆಯ ಬಸ್ಸಿನ ಚಿಂತೆಯಲ್ಲಿ ಕೂತಿರುತ್ತಾರೆ.

ಏಳು ಜನ ಬಂದರು. ಐದು ಬೇಸ್ ಗಿಟಾರ್, ಒಂದು ಮದ್ದಳೆ, ಏನೂ ತಾರದೆ ಕೇಳಲು ಬಂದ ಒಬ್ಬ ಹುಡುಗಿ. ಒಂದೇ ಆಂಪ್ಲಿಫೈಯರ್. ನಿಯಮವೂ ಒಂದೇ: ಒಬ್ಬರು ನುಡಿಸುವಾಗ ಉಳಿದವರು ಕೈಯಲ್ಲಿ ತಾಳ ಹಾಕುವುದು, ತಂತಿ ಮುಟ್ಟುವಂತಿಲ್ಲ.

ಮೊದಲ ಅರ್ಧ ಗಂಟೆ ಎಲ್ಲರಿಗೂ ನಾಚಿಕೆ. ಹಾಡಿಲ್ಲದೆ ಬೇಸ್ ನುಡಿಸುವುದು ಅಂದರೆ ಸಾಂಬಾರು ಇಲ್ಲದೆ ಅನ್ನ ಬಡಿಸಿದ ಹಾಗೆ. ಆಮೇಲೆ ಒಬ್ಬರು, ಇಗರ್ಜಿಯಲ್ಲಿ ಬಹಳ ವರ್ಷದಿಂದ ನುಡಿಸುವವರು, ಒಂದು ಸಣ್ಣ ಸಂಗತಿ ಹೇಳಿದರು. ಆರ್ಗನ್ನಿನವರ ಎಡಗೈ ಮತ್ತು ನಮ್ಮ ಬೇಸ್ ಒಂದೇ ಜಾಗದಲ್ಲಿ ಬಿದ್ದರೆ ಎರಡೂ ಹಾಳು, ಆದ್ದರಿಂದ ಪ್ರಾಕ್ಟೀಸಿನ ದಿನವೇ "ನಿಮ್ಮ ಎಡಗೈ ಸ್ವಲ್ಪ ಮೇಲೆ ತನ್ನಿ" ಅಂತ ಕೇಳಿಕೊಳ್ಳಬೇಕು. ಇಷ್ಟೇ. ಆದರೆ ಇಬ್ಬರು "ಅಯ್ಯೋ, ಇದಕ್ಕಾ ನಮ್ಮದು ಗಲೀಜು ಕೇಳುವುದು!" ಅಂದರು. ರಸಮಂಜರಿಯವರು ಒಬ್ಬರು, ಗಾಯಕ ವೇದಿಕೆಯಲ್ಲೇ ಶ್ರುತಿ ಬದಲಿಸಿದರೆ ಬೆರಳಿನ ಆಕಾರ ಬಿಡದೆ ಹೇಗೆ ಜಾರಬೇಕು ಅಂತ ತೋರಿಸಿದರು. ಮದ್ದಳೆಯವರು ತ್ರಿವುಡೆ ಹಿಡಿದರು, ಏಳಕ್ಷರದ ತಾಳ. ನಾಲ್ಕರ ಲೆಕ್ಕದಲ್ಲೇ ಬೆಳೆದ ನಾವು ಎರಡನೇ ಸುತ್ತಿಗೇ ಚರಂಡಿಗೆ ಬಿದ್ದೆವು. ಅವರು ನಗಲಿಲ್ಲ. "ಮುಕ್ತಾಯದ ಮೊದಲು ಸ್ವಲ್ಪ ಸುಮ್ಮನಿರಿ, ಆಗ ಮುಕ್ತಾಯ ಬಂದದ್ದು ಗೊತ್ತಾಗ್ತದೆ" ಅಂದರು. ಆ ಒಂದು ಮಾತು ನನ್ನ ಮಟ್ಟಿಗೆ ಆ ದಿನದ ಲಾಭ.

ನಾಲ್ಕು ಗಂಟೆಗೆ ಕರೆಂಟು ಹೋಯಿತು. ಆಟಿಯಲ್ಲಿ ಹೋಗದಿದ್ದರೆ ಅದು ಆಶ್ಚರ್ಯ. ಆಂಪ್ಲಿಫೈಯರ್ ಇಲ್ಲದ ಬೇಸ್ ಗಿಟಾರ್ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳುವುದಿಲ್ಲ, ಹಂಚಿನ ಮೇಲೆ ಮಳೆ ಬೇರೆ. ಆಗ ಎಲ್ಲರೂ ಕುರ್ಚಿ ಬಿಟ್ಟು ಚಾಪೆಗೆ ಇಳಿದರು, ಒಬ್ಬರ ಮೊಣಕಾಲಿಗೆ ಒಬ್ಬರು ತಾಗುವಷ್ಟು ಹತ್ತಿರ. ಕೇಳಲು ಬಂದ ಹುಡುಗಿ ಗಿಟಾರಿನ ಮರಕ್ಕೆ ಕೈ ಇಟ್ಟು, ಕಂಪನದಲ್ಲೇ ಸ್ವರ ಯಾವುದು ಅಂತ ಹೇಳಲು ಪ್ರಯತ್ನಿಸಿದಳು. ಮೂರರಲ್ಲಿ ಎರಡು ಸರಿ. ಆಮೇಲೆ ಗಿಟಾರ್ ಅವಳ ಮಡಿಲಿಗೆ ಹೋಯಿತು. ಫ್ಲೆಕ್ಸು ಕಟ್ಟಿದ ಯಾವ ವೇದಿಕೆಯಲ್ಲಿಯೂ ಇದು ಆಗುವುದು ಕಷ್ಟ, ಯಾಕೆಂದರೆ ಅಲ್ಲಿ ಮೊದಲ ಸಲ ನುಡಿಸುವವಳಿಗೆ ಜಾಗ ಇಲ್ಲ.

ಇಷ್ಟು ಹೇಳಿ ಸಭೆ, ಸನ್ಮಾನ ಎಲ್ಲ ದಂಡ ಅಂತ ತೀರ್ಪು ಕೊಟ್ಟರೆ ಅದು ಅನ್ಯಾಯ. ಎಪ್ಪತ್ತು ದಾಟಿದ ಹಿಮ್ಮೇಳ ಕಲಾವಿದರಿಗೆ ಶಾಲಿನ ಜೊತೆ ಕೊಡುವ ಲಕೋಟೆ ಒಂದು ತಿಂಗಳ ಮದ್ದು ಆಗಬಹುದು. ಅವರ ಹೆಸರು ಮೈಕಿನಲ್ಲಿ ಊರಿಗೆಲ್ಲ ಕೇಳಿದರೆ ಮನೆಯವರಿಗೆ ಒಂದು ಸಮಾಧಾನ. ಆದರೆ ಸನ್ಮಾನ ಆಗುವುದು ಕಲಿತಾದ ಮೇಲೆ. ಕಲಿಯುವ ಹೊತ್ತಿಗೆ ಬೇಕಾದದ್ದು ಬೇರೆ. ನಾವು ಎರಡನ್ನೂ ಒಂದೇ ಪಂದಲಿನಲ್ಲಿ ಮುಗಿಸಲು ಹೋಗಿ ಕಲಿಕೆಯನ್ನು ಕಳೆದುಕೊಂಡೆವು ಅನ್ನುವುದಷ್ಟೇ ನನ್ನ ಆಕ್ಷೇಪ.

ನಮ್ಮ ಕೂಟದ ಕೊರತೆಯನ್ನೂ ಹೇಳಬೇಕು. ಪ್ರಚಾರ ಇಲ್ಲದ ಕೂಟಕ್ಕೆ ಪರಿಚಯದವರು ಮಾತ್ರ ಬರುತ್ತಾರೆ. ಹೊಸಬರಿಗೆ ಬಾಗಿಲು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಎರಡು ವರ್ಷದಲ್ಲಿ ಅದು ನಾಲ್ಕು ಗೆಳೆಯರ ಚಹಾಕೂಟ ಆಗಿಬಿಡುವ ಅಪಾಯ ಇದ್ದೇ ಇದೆ. ಇದಕ್ಕೆ ನಾವು ಕಂಡ ಉಪಾಯ: ಈ ಸಲ ಬಂದ ಪ್ರತಿಯೊಬ್ಬರೂ ಮುಂದಿನ ಸಲ ಉಳಿದವರಿಗೆ ಗುರುತಿಲ್ಲದ ಒಬ್ಬರನ್ನು ಕರೆದುಕೊಂಡು ಬರುವುದು. ಹದಿನಾಲ್ಕು ಜನ ದಾಟಿದರೆ ಎರಡು ಜಗಲಿ ಮಾಡುವುದು, ಒಂದು ಸಿದ್ಧಕಟ್ಟೆ ಕಡೆ, ಒಂದು ಇಲ್ಲೇ. ದೊಡ್ಡ ಹಾಲ್ ಹುಡುಕುವುದಿಲ್ಲ.

ಮೊನ್ನೆ ಊರಿನ ಹಿತೈಷಿಗಳೊಬ್ಬರು, "ಒಳ್ಳೆ ಕೆಲಸ, ಮುಂದಿನ ವರ್ಷ ಒಂದು ಸಂಘ ರಿಜಿಸ್ಟರ್ ಮಾಡಿ, ನಾನು ಗೌರವಾಧ್ಯಕ್ಷ ಆಗ್ತೇನೆ" ಅಂದರು. ಅವರ ಮನೆಗೆ ಒಳ್ಳೆಯ ಜಗಲಿ ಉಂಟು. ಅದನ್ನೊಂದು ಮಧ್ಯಾಹ್ನಕ್ಕೆ ಕೊಟ್ಟರೆ ಸಾಕು ಅಂತ ಕೇಳಿದ್ದೇನೆ. ಯೋಚನೆ ಮಾಡ್ತಾ ಇದ್ದಾರೆ.