ಪುಸ್ತಕದಲ್ಲಿ ಹೆಸರು, ಮಣ್ಣಿನಲ್ಲಿ ಜಾಗ

ಹೆಳವರನ್ನು ನೀವೆಲ್ಲ ಬಲ್ಲಿರಿ. ಎತ್ತಿನ ಮೇಲೆ ಕೂತು ಊರೂರು ತಿರುಗುತ್ತ, ಒಂದು ಮನೆಯ ಮುಂದೆ ನಿಂತು, ಆ ಮನೆಯ ಮುತ್ತಜ್ಜ ಯಾರು, ಅವನು ಎಲ್ಲಿಂದ ಬಂದ, ಅವನಿಗೆ ಎಷ್ಟು ಮಕ್ಕಳು ಅಂತ ಒಪ್ಪಿಸಿ ದವಸ ಪಡೆದು ಮುಂದಕ್ಕೆ ಹೋಗುವವರು. ಇದು ಮೌಖಿಕ ಪರಂಪರೆಯ ದೊಡ್ಡ ಸಾಧನೆ ಎಂದು ನಮ್ಮ ವಿದ್ವಾಂಸರು ಹೊಗಳಿದ್ದಾರೆ. ಹೊಗಳಲಿ, ತಪ್ಪಲ್ಲ. ಆದರೆ ಎತ್ತು ಯಾರ ಮನೆಯ ಮುಂದೆ ನಿಲ್ಲುತ್ತಿತ್ತು ಅನ್ನೋದನ್ನೂ ಕೇಳಬೇಕಲ್ಲ? ಕಣಜ ಇದ್ದ ಮನೆಗೆ ವಂಶಾವಳಿ ಇತ್ತು. ನೆಲ ಇಲ್ಲದವನಿಗೆ ಇದ್ದದ್ದು ಜಾತಿ ಮಾತ್ರ.

ಹೀಗಿರುವಾಗ ದಲಿತರಲ್ಲೇ ಒಂದು ಗುಂಪಿಗೆ ಬರೆದಿಟ್ಟ ಪುಸ್ತಕವೊಂದು ದಕ್ಕಿದೆ. ಅದು ಕೆಥೋಲಿಕ ಚರ್ಚಿನ ದಾಖಲೆ ಪುಸ್ತಕ. ಜ್ಞಾನಸ್ನಾನದ್ದೊಂದು, ಮದುವೆಯದೊಂದು, ಸಾವಿನದೊಂದು. ಮದುವೆಗಳನ್ನು ಬರೆದಿಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟಳೆ ಮಾಡಿತು. 1614ರ ರೋಮನ್ ವಿಧಿಗ್ರಂಥ ಸಾವಿನ ಪುಸ್ತಕವನ್ನೂ ಕಡ್ಡಾಯ ಮಾಡಿತು. ಕದ್ದು ಆಗುವ ಮದುವೆ, ರಕ್ತಸಂಬಂಧದೊಳಗಿನ ಮದುವೆ ತಡೆಯುವುದು ಅದರ ಉದ್ದೇಶ. ನಮ್ಮವರ ಚರಿತ್ರೆ ಬರೆಯಬೇಕು ಅಂತ ಯಾವ ಪಾದ್ರಿಯೂ ಲೇಖನಿ ಹಿಡಿದಿರಲಿಲ್ಲ. ಆದರೂ ಬರೆದ. ಗೌಡನ ಲೆಕ್ಕದಲ್ಲಿ ಬರೀ ಆಳಾಗಿದ್ದವಳು, ಗಣಿಯ ಲೆಕ್ಕದಲ್ಲಿ ಬರೀ ಕೂಲಿಯಾಗಿದ್ದವಳು ಇಲ್ಲಿ ಒಬ್ಬರ ಮಗಳಾಗಿ, ಒಬ್ಬರ ಹೆಂಡತಿಯಾಗಿ, ಹೆಸರುಳ್ಳ ಹೆಂಗಸಾಗಿ ಸಿಗುತ್ತಾಳೆ.

ಇತ್ತೀಚೆಗೆ ನಮ್ಮ ಹುಡುಗರು ಈ ಪುಸ್ತಕಗಳನ್ನು ಹುಡುಕಿಕೊಂಡು ಚರ್ಚಿನ ಆಫೀಸುಗಳಿಗೆ ಹೋಗುತ್ತಿದ್ದಾರೆ. ಕೆಲವರಿಗೆ ಅಜ್ಜನ ಅಜ್ಜ ಯಾರೆಂದು ತಿಳಿಯುವ ಆಸೆ. ಕೆಲವರಿಗೆ ಜಾತಿ ಸರ್ಟಿಫಿಕೇಟಿನ ತುರ್ತು. ಎರಡೂ ಸಹಜವೇ. ನಾನಿಲ್ಲಿ ಹೇಳಹೊರಟಿರುವುದು ಬೇರೆ. ದಲಿತ ವಿಮರ್ಶೆ ಅಂದರೆ ಕಥೆ, ಕವನ, ಆತ್ಮಕಥೆ ಓದುವುದು ಮಾತ್ರವಲ್ಲ. ನಮ್ಮ ಬಗ್ಗೆ ಬೇರೆಯವರು ಬರೆದಿಟ್ಟ ಈ ಪುಸ್ತಕವನ್ನೂ ಒಂದು ಪಠ್ಯ ಅಂತ ಓದಬೇಕು. ಯಾರು ಬರೆದರು, ಏನನ್ನು ಬರೆದರು, ಯಾವ ಕಾಲಂ ಖಾಲಿ ಬಿಟ್ಟರು ಎಂದು ಕೇಳಬೇಕು. ಓದದಿದ್ದರೆ ಆ ಪುಸ್ತಕ ನಮ್ಮನ್ನು ಓದುತ್ತದೆ. ಹೇಗೆಂದು ಕೊನೆಗೆ ಹೇಳುತ್ತೇನೆ.

ಮೊದಲು ಹುಡುಕುವ ದಾರಿ. ಹಿಂದಿನಿಂದ ಮುಂದಕ್ಕಲ್ಲ, ಇಂದಿನಿಂದ ಹಿಂದಕ್ಕೆ ನಡೆಯಬೇಕು. ಸಾವಿನ ಪುಸ್ತಕದಲ್ಲಿ ಗಂಡನ ಹೆಸರು ಸಿಗುತ್ತದೆ. ಅದನ್ನು ಹಿಡಿದು ಮದುವೆಯ ಪುಸ್ತಕಕ್ಕೆ ಹೋದರೆ ಎರಡೂ ಕಡೆಯ ತಂದೆತಾಯಿಯ ಹೆಸರು, ಊರು. ಆ ಊರಿನ ಚರ್ಚಿಗೆ ಹೋದರೆ ಜ್ಞಾನಸ್ನಾನದ ಪುಸ್ತಕ. 1908ರಿಂದ ಈಚೆಗಾದರೆ ಇನ್ನೊಂದು ಅನುಕೂಲವಿದೆ. ಯಾರ ಮದುವೆ ಎಲ್ಲಿ ಆಯಿತೆಂಬುದನ್ನು ಅವರ ಜ್ಞಾನಸ್ನಾನದ ದಾಖಲೆಯ ಪಕ್ಕದ ಅಂಚಿನಲ್ಲಿ ಬರೆಯಬೇಕೆಂದು ರೋಮಿನ ಆಜ್ಞೆಯಾಯಿತು. ಊರು ಬಿಟ್ಟು ಹೋದವರ ಜಾಡು ಈ ಅಂಚಿನಲ್ಲೇ ಇರುತ್ತದೆ. ನಮ್ಮ ಜನ ಹೇಗೂ ಅಂಚಿನವರೇ ತಾನೆ!

ಕೋಲಾರ ಚಿನ್ನದ ಗಣಿಯನ್ನೇ ನೋಡಿ. 1880ರಿಂದ ಜಾನ್ ಟೇಲರ್ ಕಂಪನಿ ಗಣಿ ತೋಡಿಸಿದಾಗ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಅವರಲ್ಲಿ ಕೆಥೋಲಿಕರೂ ಇದ್ದರು. 1930ರಲ್ಲಿ ಕಂಪನಿ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಈ ಕೂಲಿಗಳು ಮುಷ್ಕರ ಹೂಡಿದರು. ದಾಖಲೆಯಲ್ಲಿ ಸೇರುವುದೆಂದರೆ ಸಿಕ್ಕಿಬೀಳುವುದು ಎಂಬುದು ಅವರಿಗೆ ಯಾವ ಸಿದ್ಧಾಂತಿಯೂ ಹೇಳಿಕೊಡದೆ ಗೊತ್ತಿತ್ತು. ಅದೇ ಜನ ಭಾನುವಾರ ಮಗುವನ್ನು ಎತ್ತಿಕೊಂಡು ಹೋಗಿ ಚರ್ಚಿನ ಪುಸ್ತಕದಲ್ಲಿ ಹೆಸರು ಬರೆಸುತ್ತಿದ್ದರು. ಕಂಪನಿಗೆ ಬೇಕಾಗಿದ್ದು ಬೆರಳು. ಇಲ್ಲಿ ಹೆಸರು ಕೇಳುತ್ತಿದ್ದರು. ಈ ವ್ಯತ್ಯಾಸವನ್ನು ನಾವು ಹಗುರವಾಗಿ ಕಾಣಬಾರದು.

ಆದರೆ ಯಾವ ಹೆಸರು? ಲ್ಯಾಟಿನ್ ಹೆಸರು. ಮರಿಯಾ, ಅಂತೋನಿಯುಸ್, ಇಗ್ನಾಸಿಯುಸ್. ನನ್ನ ತಾಯಿಯ ತಾಯಿ ಪುಸ್ತಕದಲ್ಲಿ ಮರಿಯಾ. ಲೈನುಮನೆಯಲ್ಲಿ ಆಕೆಯನ್ನು ಆ ಹೆಸರಿಂದ ಕರೆದವರೇ ಇಲ್ಲ. ಹುಡುಕಲು ಹೋದಾಗ ಒಂದೇ ಹಾಳೆಯಲ್ಲಿ ನಾಲ್ಕು ಮರಿಯಾ. ಯಾರಿಗೂ ಮನೆತನದ ಅಡ್ಡಹೆಸರಿಲ್ಲ. ಮಂಗಳೂರಿನ ಡಿಸೋಜ, ಪಿಂಟೊಗಳಂತೆ ಹಿಡಿದು ಎಳೆಯಲು ನಮ್ಮಲ್ಲಿ ದಾರವಿಲ್ಲ. ಕಡೆಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ಮುದುಕಿ. ಜ್ಞಾನದ ತಾಯಿಯಾಗಿ ನಿಂತವಳ ಹೆಸರು ಓದಿದ ತಕ್ಷಣ ‘ಇದೇ ನಿಮ್ಮವಳು, ಅವಳು ನಮ್ಮತ್ತೆ ಕಣೋ’ ಅಂದಳು. ಆ ನೆನಪಿಲ್ಲದಿದ್ದರೆ ಪುಸ್ತಕ ಅವತ್ತು ಮೂಕ. ಬರಹ ಮುಖ್ಯವೋ ಮೌಖಿಕ ಮುಖ್ಯವೋ ಅಂತ ಸೆಮಿನಾರುಗಳಲ್ಲಿ ಜಗಳವಾಡುವವರು ಇದನ್ನು ಗಮನಿಸಬೇಕು.

ಇನ್ನೂ ಹಿಂದಕ್ಕೆ ಹೋದರೆ ಒಂದು ಕಡೆ ಗೋಡೆ ಎದುರಾಗುತ್ತದೆ. ದೊಡ್ಡವನಾದ ಮೇಲೆ ಮತಾಂತರಗೊಂಡವನ ದಾಖಲೆಯಲ್ಲಿ ಅನೇಕ ಕಡೆ ತಂದೆತಾಯಿಯ ಹೆಸರೇ ಇರುವುದಿಲ್ಲ. ‘ಅವಿಶ್ವಾಸಿಗಳ ಮಗ’ ಅಂತ ಒಂದೇ ಲ್ಯಾಟಿನ್ ಮಾತು. ಅಲ್ಲಿಗೆ ವಂಶ ಮುಗಿಯಿತು. ಹೊಸ ಮನುಷ್ಯ ಹುಟ್ಟಿದ, ಹಳೆಯವರು ಇರಲೇ ಇಲ್ಲ ಎಂಬಂತೆ. ಇದನ್ನು ಬಿಡುಗಡೆ ಎಂದೂ ಓದಬಹುದು, ಅಳಿಸುವಿಕೆ ಎಂದೂ ಓದಬಹುದು. ನಾನು ಎರಡನ್ನೂ ಓದುತ್ತೇನೆ. ಪೂರ್ವಜರ ಜೀತವನ್ನು ಬಿಟ್ಟು ಬರಲು ಹೊರಟವನಿಗೆ ಪೂರ್ವಜರನ್ನೂ ಬಿಟ್ಟು ಬಾ ಎಂದರು.

ಇದೇ ಹಂತದಲ್ಲಿ ಮೇಲ್ಜಾತಿಯ ಕೆಥೋಲಿಕರ ಹುಡುಕಾಟ ಹೇಗೆ ಸಾಗುತ್ತದೆ ನೋಡಿ. ಕೊಂಕಣಿ ಕೆಥೋಲಿಕ ಕುಟುಂಬಗಳ ವಂಶಾವಳಿಗಳು 1784ರ ಶ್ರೀರಂಗಪಟ್ಟಣದ ಸೆರೆಯನ್ನು ದಾಟಿ, ಗೋವೆಯ ಹಳ್ಳಿಗಳನ್ನು ತಲುಪಿ, ಮತಾಂತರಕ್ಕೂ ಹಿಂದಿನ ಸಾರಸ್ವತ ಮನೆತನದ ಹೆಸರಿನಲ್ಲಿ ಹೆಮ್ಮೆಯಿಂದ ಉಸಿರು ಬಿಡುವುದುಂಟು. ಬಾಮಣ್, ಚಾರ್ಡಿ ಎಂಬ ಭೇದ ಶಿಲುಬೆಯ ಕೆಳಗೂ ಉಳಿದುಕೊಂಡಿತು. ಅವರಿಗೆ ವಂಶಾವಳಿ ಆಸ್ತಿ. ನಾವೂ ಹಾಗೇ ಒಂದು ವಂಶವೃಕ್ಷ ಬರೆದು ಗೋಡೆಗೆ ನೇತುಹಾಕಿದರೆ ಹೆಳವನ ಎತ್ತನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದಂತಾಯಿತು, ಅಷ್ಟೆ. ಬೇರೇನೂ ಬದಲಾಗಲಿಲ್ಲ.

ಹಾಗಾದರೆ ಪುಸ್ತಕದಲ್ಲಿ ಜಾತಿಯೇ ಇರಲಿಲ್ಲವೇ? ಇತ್ತು. 18ನೇ ಶತಮಾನದ ಪಾಂಡಿಚೇರಿಯ ದಾಖಲೆಗಳಲ್ಲಿ ಹೆಸರಿನ ಜೊತೆಗೆ ‘ಪರಿಯಾ’ ಎಂಬ ಪದ ಸಿಗುತ್ತದೆ. ಆ ಪದ ಇಟ್ಟುಕೊಂಡವರು ಸುಮ್ಮನಿದ್ದರು ಎಂದು ಪುಸ್ತಕ ನೋಡಿದರೆ ಅನ್ನಿಸುತ್ತದೆ. ಆದರೆ ಆನಂದರಂಗ ಪಿಳ್ಳೈ ಎಂಬ ದುಭಾಷಿ 1745ರಲ್ಲಿ ತನ್ನ ದಿನಚರಿಯಲ್ಲಿ ಬೇರೆಯೇ ಸುದ್ದಿ ಬರೆದಿದ್ದಾನೆ. ಅಲ್ಲಿನ ಚರ್ಚಿನೊಳಗೆ ಪರಯರನ್ನು ಬೇರೆ ಕೂರಿಸುವ ಗೋಡೆಯಿತ್ತು. ಅವರು ಗುಂಪಾಗಿ ಹೋಗಿ ದೊಡ್ಡ ಪಾದ್ರಿಯನ್ನು ಕೇಳಿದರು: ನಾವು ನಿಮ್ಮ ಮಕ್ಕಳಾದರೆ ಈ ಗೋಡೆ ಯಾಕೆ? ಗೋಡೆ ಬಿತ್ತು. ಪಿಳ್ಳೈ ನಮ್ಮವನಲ್ಲ, ಅವನಿಗೆ ಈ ಘಟನೆ ಹಿತವಾಗಿಯೂ ಇರಲಿಲ್ಲ. ಆದರೂ ಎದ್ದು ನಿಂತು ಮಾತಾಡಿದ ನಮ್ಮ ಪೂರ್ವಜರು ಸಿಗುವುದು ಅವನ ಪುಟದಲ್ಲಿ. ಚರ್ಚಿನ ಪುಸ್ತಕದಲ್ಲಿ ಅವರು ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಸಾಯುತ್ತಾರೆ. ಪ್ರಶ್ನೆ ಕೇಳುವುದಕ್ಕೆ ಅಲ್ಲಿ ಕಾಲಂ ಇಲ್ಲ.

ಒಂದು ಕಡೆ ಬಿದ್ದ ಗೋಡೆ ಇನ್ನೊಂದು ಕಡೆ ಎದ್ದಿತು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಚರ್ಚನ್ನೇ ಎರಡು ಕಾಲಿನ ಪ್ಯಾಂಟಿನಂತೆ ಕಟ್ಟಿದರು. ಒಂದು ಕಾಲು ಮೇಲ್ಜಾತಿಗೆ, ಇನ್ನೊಂದು ಉಳಿದವರಿಗೆ. 1910ರಲ್ಲಿ ನಡುಗೋಡೆ ತೆಗೆಸಿದಾಗ ಮೇಲ್ಜಾತಿಯವರು ಕೋರ್ಟಿಗೆ ಹೋದರು, ಮದ್ರಾಸ್ ಹೈಕೋರ್ಟಿನಲ್ಲಿ ಸೋತರು. ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕೆಥೋಲಿಕ ಸ್ಮಶಾನದ ನಡುವೆಯೇ ಗೋಡೆ. ಈ ಕಡೆ ದಲಿತರ ಹೆಣ, ಆ ಕಡೆ ಉಳಿದವರ ಹೆಣ. ಇಂಥ ಊರುಗಳಲ್ಲಿ ಎರಡೂ ಕಡೆಯವರನ್ನು ಬರೆದದ್ದು ಅದೇ ಸಾವಿನ ಪುಸ್ತಕದಲ್ಲಿ, ಒಂದರ ಕೆಳಗೆ ಒಂದು. ಪುಸ್ತಕದಲ್ಲಿ ಪಕ್ಕಪಕ್ಕ ಮಲಗಿದವರು ಮಣ್ಣಿನಲ್ಲಿ ಪಕ್ಕಪಕ್ಕ ಮಲಗಲಿಲ್ಲ.

ಆದ್ದರಿಂದ ನಾನು ಹೇಳುವುದು: ಪುಸ್ತಕವನ್ನು ಒಂಟಿಯಾಗಿ ಓದಬೇಡಿ, ಸ್ಮಶಾನವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಸ್ಮಶಾನವೂ ಒಂದು ಪಠ್ಯವೇ. ಕಲ್ಲು ನಿಲ್ಲಿಸಲು ದುಡ್ಡು ಬೇಕು. ಕಾಯಂ ಗೋರಿಗೆ ಇನ್ನೂ ಹೆಚ್ಚು ದುಡ್ಡು ಬೇಕು. ಎಷ್ಟೋ ಕಡೆ ಬಡವರ ಗುಂಡಿಯನ್ನು ಕೆಲವು ವರ್ಷಗಳ ಮೇಲೆ ಮತ್ತೆ ತೋಡಿ ಇನ್ನೊಬ್ಬರನ್ನು ಮಲಗಿಸುತ್ತಾರೆ. ನನ್ನ ಅಜ್ಜಿಯ ಜಾಗವನ್ನು ನಾನು ಕಂಡುಕೊಂಡದ್ದು ಬಾಗಿಲಿಂದ ಎಷ್ಟು ದೂರ, ಯಾವ ಬೇವಿನ ಮರದ ಆಚೆ ಎಂಬ ಲೆಕ್ಕದಲ್ಲಿ. ಕಲ್ಲು ಇಲ್ಲದಿರುವುದೂ ಒಂದು ವಾಕ್ಯ. ಯಾರು ಬಾಗಿಲ ಹತ್ತಿರ, ಯಾರು ಬೇಲಿಯ ಹತ್ತಿರ ಎಂಬುದು ಅದರ ವ್ಯಾಕರಣ.

ಇದರಿಂದ ಏನು ಬಂತು ಅಂತ ಕೇಳುವ ಗೆಳೆಯರಿದ್ದಾರೆ. ಅವರಿಗೆ ಈಗ ಕೋರ್ಟಿನ ಮಾತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. 1985ರ ಸೂಸೈ ಪ್ರಕರಣದಲ್ಲಿ ಚಪ್ಪಲಿ ಹೊಲಿಯುವ ಕ್ರೈಸ್ತನೊಬ್ಬ ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ನಂತರವೂ ಜಾತಿಯ ಹಿಂಸೆ ಅದೇ ತೀವ್ರತೆಯಲ್ಲಿ ಮುಂದುವರಿದಿದೆ ಎಂದು ತೋರಿಸಿಲ್ಲ ಎಂಬ ಕಾರಣಕ್ಕೆ ಸೋತ. 2015ರ ಕೆ.ಪಿ. ಮನು ಪ್ರಕರಣದಲ್ಲಿ ತಾತ ಕ್ರೈಸ್ತನಾದರೂ ಮೊಮ್ಮಗ ಹಿಂದೂ ಧರ್ಮಕ್ಕೆ ಮರಳಿದರೆ ಜಾತಿ ಮರಳುತ್ತದೆ ಎಂದರು, ಆದರೆ ಆ ಜಾತಿಗೆ ಸೇರಿದವನೆಂಬುದಕ್ಕೆ ಸ್ಪಷ್ಟ ಪುರಾವೆ ಕೇಳಿದರು. 2024ರ ನವೆಂಬರಿನಲ್ಲಿ ಪುದುಚೇರಿಯ ಹೆಂಗಸೊಬ್ಬಳ ಅರ್ಜಿ ವಜಾ ಆಯಿತು. ಆಕೆಯ ವಿರುದ್ಧ ನಿಂತ ಸಾಕ್ಷಿಗಳಲ್ಲಿ ಒಂದು, ಕೂಸಾಗಿದ್ದಾಗಿನ ಜ್ಞಾನಸ್ನಾನದ ದಾಖಲೆ.

ಈಗ ತಿಳಿಯಿತಲ್ಲ, ಪುಸ್ತಕ ನಮ್ಮನ್ನು ಓದುವುದು ಹೇಗೆಂದು? ಅಜ್ಜಿಯನ್ನು ಹುಡುಕಿಕೊಟ್ಟ ಹಾಳೆಯೇ ಮೊಮ್ಮಗಳನ್ನು ಜಾತಿಯಿಂದ ಹೊರಗಿಡುವ ಸಾಕ್ಷಿಯಾಗುತ್ತದೆ. ನೀನು ಕ್ರೈಸ್ತಳು, ನಿನಗೆ ಜಾತಿಯಿಲ್ಲ ಎನ್ನುತ್ತದೆ ಪ್ರಭುತ್ವ, ಪುಸ್ತಕ ತೋರಿಸಿ. ನೀನು ಆ ಜಾತಿ, ನಿನ್ನ ಹೆಣ ಆ ಕಡೆ ಎನ್ನುತ್ತದೆ ಊರು, ಗೋಡೆ ತೋರಿಸಿ. ಎರಡೂ ಮಾತು ಒಬ್ಬಳ ಮೈಮೇಲೇ ಬೀಳುತ್ತವೆ. 1985ರಲ್ಲಿ ಕೋರ್ಟು ಕೇಳಿದ ಪುರಾವೆ ಎಲ್ಲಿದೆ ಅಂದರೆ ಸ್ಮಶಾನದಲ್ಲಿದೆ. ನಾವು ಅದನ್ನು ಪುರಾವೆ ಎಂದು ಓದಿ ಬರೆದಿಡಲಿಲ್ಲ.

ತಮಿಳಿನ ಬಾಮಾ 1992ರಲ್ಲಿ ‘ಕರುಕ್ಕು’ ಬರೆದಾಗ ಕೆಥೋಲಿಕ ದಲಿತ ಹೆಂಗಸಿನ ಬದುಕು ಯಾವ ಪಾದ್ರಿಯ ಕಾಲಮ್ಮಿಗೂ ಸಿಗದ ರೀತಿಯಲ್ಲಿ ಪುಟಕ್ಕೆ ಬಂತು. ಕನ್ನಡದಲ್ಲೂ ಅಂಥ ಪುಸ್ತಕಗಳು ಬರಬೇಕು. ಅದರ ಜೊತೆಗೆ ಇನ್ನೊಂದು ಕೆಲಸವಿದೆ, ಅದಕ್ಕೆ ಪ್ರತಿಭೆಗಿಂತ ಕೂತು ಮಾಡುವ ತಾಳ್ಮೆ ಬೇಕು. ಹಳೆಯ ದಾಖಲೆಗಳನ್ನು ಜೋಪಾನ ಮಾಡಬೇಕೆಂದು ಚರ್ಚಿನ 1983ರ ಕಾನೂನೇ ಹೇಳುತ್ತದೆ. ಆ ಮಾತನ್ನು ಹಿಡಿದುಕೊಂಡೇ ಫಾದರ್ ಹತ್ತಿರ ಹೋಗಿ ಕೇಳಿ. ಗೆದ್ದಲು ತಿನ್ನುವ ಮೊದಲು ನಕಲು ಮಾಡಿ. ಪ್ರತಿ ಲ್ಯಾಟಿನ್ ಹೆಸರಿನ ಎದುರಿಗೆ ಕೇರಿಯಲ್ಲಿ ಕರೆಯುತ್ತಿದ್ದ ಹೆಸರನ್ನು ಮುದುಕಿಯರ ಬಾಯಿಂದ ಕೇಳಿ ಬರೆಯಿರಿ. ನಿಮ್ಮೂರಿನ ಸ್ಮಶಾನದ ನಕ್ಷೆ ಬರೆಯಿರಿ: ಗೋಡೆ ಎಲ್ಲಿ, ಬೇಲಿ ಎಲ್ಲಿ, ಕಲ್ಲಿಲ್ಲದವರು ಯಾವ ಮೂಲೆಯಲ್ಲಿ. ಆ ನಕ್ಷೆಯನ್ನೂ ಆ ನಕಲನ್ನೂ ಒಟ್ಟಿಗೆ ಹೊಲಿದು ಇಡಿ.

ಮುದುಕಿಯರು ಕಾಯುವುದಿಲ್ಲ. ನನ್ನ ಪಕ್ಕದ ಮನೆಯಾಕೆ ಈಗಿಲ್ಲ.