ಪಟ್ಟಿಯ ಕೆಳಗಿನ ಬಣ್ಣ

ಹಳೆಯ ಟ್ರ್ಯಾಕ್ಟರ್ ಟ್ರೇಲರ್‌ಗೆ ಹೊಸದಾಗಿ ಬಣ್ಣ ಹೊಡೆಸುವುದೆಂದರೆ ನಮ್ಮ ಕಡೆ ಕೆಲಸದ ಕ್ರಮ ಹೆಚ್ಚೂಕಡಿಮೆ ಒಂದೇ. ಇಡೀ ಮೈಗೆ ಗ್ರೈಂಡರ್ ಹಾಕಿ ಉಜ್ಜುತ್ತಾರೆ, ರೆಡ್ ಆಕ್ಸೈಡ್ ಬಳಿಯುತ್ತಾರೆ, ಗನ್ನಿನಲ್ಲಿ ಒಂದೇ ಬಣ್ಣ ಹೊಡೆಯುತ್ತಾರೆ. ಅಂಚಿನ ಹಳದಿ ಪಟ್ಟಿ, ಅದರ ಪಕ್ಕದ ಸಣ್ಣ ಬಿಳಿ ಗೆರೆ, ಹಿಂಬಾಗಿಲ ಕಮಲ, ಊರಿನ ಹೆಸರು, ಇವೆಲ್ಲ ಕೊನೆಗೆ ಕೈಯಲ್ಲಿ ದುಡ್ಡು ಉಳಿದರೆ. ಉಳಿಯದಿದ್ದರೆ ಪಟ್ಟಿಯ ಜಾಗಕ್ಕೆ ಸ್ಟಿಕ್ಕರ್ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಪಟ್ಟಿ ಎಂದರೆ ಸಿಂಗಾರ, ಬಣ್ಣ ಎಂದರೆ ರಕ್ಷಣೆ ಎಂಬ ನಂಬಿಕೆ ಈ ಕ್ರಮದ ಹಿಂದಿದೆ. ಆ ನಂಬಿಕೆ ತಪ್ಪು ಎಂಬುದು ಈ ವಾರದ ನನ್ನ ವಾದ. ಕೈಯಲ್ಲಿ ಎಳೆದ ಅಂಚಿನ ಪಟ್ಟಿ ಟ್ರೇಲರ್‌ನ ಮೈಮೇಲಿನ ಅತಿ ಉಪಯುಕ್ತ ಬಣ್ಣ. ಹಳೆಯ ಬಂಡಿಯನ್ನು ಉಳಿಸುವ ಕೆಲಸ ಆ ಪಟ್ಟಿಯನ್ನು ಓದುವುದರಿಂದ ಶುರುವಾಗಬೇಕು, ಅದನ್ನು ಕೆರೆದು ಹಾಕುವುದರಿಂದ ಅಲ್ಲ.

ಈ ಮಾತನ್ನು ಪರೀಕ್ಷಿಸಲು ಕಡೂರು, ತರೀಕೆರೆ, ಅಜ್ಜಂಪುರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದೇ ಡಬ್ಬದ ಎನಾಮೆಲ್ ಇಲ್ಲಿ ಮೂರು ಬಗೆಯಲ್ಲಿ ಮುಪ್ಪಾಗುತ್ತದೆ. ಕಡೂರು ಮಳೆ ನೆರಳಿನ ಬಯಲುಸೀಮೆ. ತೆಂಗಿನಕಾಯಿ ಹೇರಿಕೊಂಡು ಬೀರೂರಿನ ದಾರಿ ಹಿಡಿಯುವ ಟ್ರೇಲರ್‌ಗೆ ಅಲ್ಲಿ ಬಿಸಿಲೇ ಮುಖ್ಯ ವೈರಿ. ಬಿಸಿಲಿನ ನೇರಳಾತೀತ ಕಿರಣ ಬಣ್ಣದೊಳಗಿನ ಅಂಟನ್ನು ಮುರಿಯುತ್ತದೆ; ಅಂಟು ಸವೆದು ಬಣ್ಣದ ಪುಡಿ ಮೇಲೆ ನಿಲ್ಲುತ್ತದೆ; ಕೈಯಿಟ್ಟರೆ ಅಂಗೈಗೆ ಹಿಟ್ಟು ಮೆತ್ತಿದಂತೆ ಮೆತ್ತುತ್ತದೆ. ತರೀಕೆರೆ ಮಲೆನಾಡಿನ ಹೊಸ್ತಿಲು. ಲಿಂಗದಹಳ್ಳಿ, ಲಕ್ಕವಳ್ಳಿ ಕಡೆಯ ಅಡಿಕೆ ತೋಟದ ನೆರಳಲ್ಲಿ ಮಳೆಗಾಲವಿಡೀ ನಿಂತ ಟ್ರೇಲರ್‌ನ ಬಣ್ಣ ಅಷ್ಟು ಬೇಗ ಮಾಸುವುದಿಲ್ಲ, ಆದರೆ ಕೀಲು, ಬೆಸುಗೆ, ಮೂಲೆಗಳಲ್ಲಿ ನೀರು ಆರದೆ ನಿಂತು ಒಳಗಿಂದ ತುಕ್ಕು ಏಳುತ್ತದೆ. ಅಜ್ಜಂಪುರದ್ದು ಮೂರನೆಯ ಕಥೆ. ಈರುಳ್ಳಿ ಬೆಳೆಯುವ ಅಲ್ಲಿನ ಕಪ್ಪು ಮಣ್ಣು ಛಾಸಿಯ ಕೆಳಗೆ, ಮಡ್‌ಗಾರ್ಡಿನ ಒಳಮೈಗೆ ಅಂಟಿಕೊಂಡರೆ ದಿನಗಟ್ಟಲೆ ತೇವ ಹಿಡಿದಿರುತ್ತದೆ. ಮೂರೂ ಕಡೆಗೆ ಸಮಾನವಾದ ಇನ್ನೊಂದು ವೈರಿ ಗೊಬ್ಬರ. ಪೊಟ್ಯಾಷ್ ಎಂದು ನಾವು ಕರೆಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಮೂಟೆಯಿಂದ ಸೋರಿದ ಅದರ ಹರಳು ತಳದ ಮೂಲೆಯಲ್ಲಿ ಉಳಿದರೆ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಬಿಸಿಲು ಹಲಗೆಯ ನಡುಮೈಯನ್ನು ಮಾಸಿಸುತ್ತದೆ, ಆದರೆ ತಗಡನ್ನು ತೂತು ಮಾಡುವುದಿಲ್ಲ. ತೂತು ಬೀಳುವುದೆಲ್ಲ ಅಂಚಿನಲ್ಲಿ, ಬೆಸುಗೆಯಲ್ಲಿ, ಮೂಲೆಯಲ್ಲಿ.

ಅಂಚೇ ಏಕೆ? ಹಸಿ ಬಣ್ಣಕ್ಕೆ ತನ್ನ ಮೈಯನ್ನು ತಾನೇ ಬಿಗಿದುಕೊಳ್ಳುವ ಗುಣವಿದೆ. ಚೂಪಾದ ಅಂಚಿನ ಮೇಲೆ ಬಿದ್ದ ಬಣ್ಣ ಆರುವ ಮೊದಲೇ ಎರಡೂ ಬದಿಗೆ ಸರಿದುಕೊಳ್ಳುತ್ತದೆ. ನಡುಮೈಯಲ್ಲಿ ದಪ್ಪಗೆ ಕೂತ ಬಣ್ಣವೇ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ. ಹಗ್ಗ ತಿಕ್ಕುವುದು, ಸರಪಳಿ ಬಡಿಯುವುದು, ಗುದ್ದಲಿ ತಾಗುವುದು ಕೂಡ ಅಲ್ಲೇ. ಸೇತುವೆ, ಹಡಗುಗಳಿಗೆ ಬಣ್ಣ ಬಳಿಯುವವರು ಇದನ್ನು ಬಹಳ ಹಿಂದೆಯೇ ಅರಿತು ಒಂದು ನಿಯಮ ಮಾಡಿಕೊಂಡಿದ್ದಾರೆ: ಅಂಚು, ಬೆಸುಗೆ, ಬೋಲ್ಟಿನ ತಲೆಗಳಿಗೆ ಬ್ರಷ್ಷಿನಲ್ಲಿ ಪ್ರತ್ಯೇಕವಾಗಿ ಒಂದು ಹೆಚ್ಚುವರಿ ಕೋಟ್ ಕೊಡಬೇಕು. ಆ ಕೋಟಿಗೆ ಅವರ ವೃತ್ತಿಯಲ್ಲಿರುವ ಹೆಸರೇ ಸ್ಟ್ರೈಪ್ ಕೋಟ್, ಅಂದರೆ ಪಟ್ಟಿಯ ಕೋಟ್. ಈಗ ಟ್ರೇಲರ್‌ನ ಪಕ್ಕದ ಹಲಗೆಯನ್ನು ನೋಡಿ. ಹಳದಿ ಪಟ್ಟಿ ಎಲ್ಲಿ ಓಡುತ್ತದೆ? ಮೇಲಂಚಿನ ಆ್ಯಂಗಲ್ ಮೇಲೆ, ಅಡ್ಡ ಚಾನೆಲ್ಲುಗಳ ಏಣಿನ ಮೇಲೆ, ಹಿಂಬಾಗಿಲ ಸುತ್ತ. ಸೇತುವೆಯ ಎಂಜಿನಿಯರ್ ಯಾವ ಜಾಗಕ್ಕೆ ಎರಡನೆಯ ಸಲ ಬ್ರಷ್ ಹಾಕಿಸುತ್ತಾನೋ ಅದೇ ಜಾಗಕ್ಕೆ ನಮ್ಮ ಪೇಂಟರ್ ಅಂದಕ್ಕೆಂದು ಬ್ರಷ್ ಹಾಕಿದ್ದಾನೆ. ಉದ್ದೇಶ ಏನೇ ಇರಲಿ, ಫಲ ಒಂದೇ. ಗನ್ನಿನ ಸಿಂಪಡಿಕೆ ತೆಳುವಾಗಿ ಹಾದುಹೋದಲ್ಲಿ ಬ್ರಷ್ಷಿನ ಕೂದಲು ಬಣ್ಣವನ್ನು ಒತ್ತಿ ಕೂರಿಸುತ್ತದೆ, ಬೆಸುಗೆಯ ಗುಳಿಗಳೊಳಗೆ ತುಂಬುತ್ತದೆ. ನಡುಮೈಯ ಹೂವು, ಹಕ್ಕಿಗೆ ಈ ವಾದ ಹೊಂದುವುದಿಲ್ಲ. ಅವು ಚಂದಕ್ಕೇ ಇರುವಂಥವು, ಚಂದಕ್ಕಾಗಿಯೇ ಇರಲಿ. ನಾನು ಹೇಳುತ್ತಿರುವುದು ಅಂಚಿನ ಪಟ್ಟಿಯ ಮಾತು.

ಪಟ್ಟಿಯ ಎರಡನೆಯ ಬೆಲೆ ಅದು ಕಾಪಾಡಿಕೊಂಡು ಬಂದ ಸಾಕ್ಷ್ಯದಲ್ಲಿದೆ. ಇಪ್ಪತ್ತು ವರ್ಷದ ಟ್ರೇಲರ್‌ನ ಮೂಲ ಬಣ್ಣ ಯಾವುದೆಂದು ನಡುಮೈ ನೋಡಿ ಹೇಳಲಾಗದು. ಕೆಂಪು ಇಟ್ಟಿಗೆಯಾಗಿರುತ್ತದೆ, ನೀಲಿ ಬೂದಿಯಾಗಿರುತ್ತದೆ. ಆದರೆ ಪಟ್ಟಿ ತನ್ನ ಕೆಳಗಿನ ಬಣ್ಣಕ್ಕೆ ಇಷ್ಟು ವರ್ಷ ಕೊಡೆ ಹಿಡಿದಿದೆ. ಕಾಣದ ಮೂಲೆಯಲ್ಲಿ ಒಂದು ರೂಪಾಯಿ ಅಗಲದಷ್ಟು ಜಾಗವನ್ನು 400ರ ವಾಟರ್ ಪೇಪರಿನಲ್ಲಿ ನೀರು ಹಾಕಿ ಮೆಲ್ಲಗೆ ಉಜ್ಜಿದರೆ ಪದರಗಳು ಮರದ ವರ್ಷದ ಉಂಗುರಗಳಂತೆ ಒಂದರ ಹೊರಗೊಂದು ತೆರೆದುಕೊಳ್ಳುತ್ತವೆ: ಹಳದಿ, ಅದರ ಕೆಳಗೆ ಮೊದಲ ದಿನದ ಕೆಂಪು, ಅದರ ಕೆಳಗೆ ಪ್ರೈಮರ್, ಆಮೇಲೆ ಕಬ್ಬಿಣ. ಅಂಗಡಿಯಲ್ಲಿ ಬಣ್ಣ ಕೂಡಿಸಲು ಈ ಗುರುತನ್ನೇ ಮಾದರಿಯಾಗಿ ಹಿಡಿಯಬೇಕು. ಕೆರೆಯುವ ಮೊದಲು ಪಟ್ಟಿಯ ಅಗಲ, ಅಂಚಿನಿಂದ ಅದರ ದೂರ, ಮೂಲೆಯಲ್ಲಿ ಅದು ತಿರುಗಿದ ರೀತಿಯನ್ನು ಬಟರ್ ಪೇಪರ್ ಇಟ್ಟು ಪೆನ್ಸಿಲ್ಲಿನಲ್ಲಿ ಎತ್ತಿಕೊಳ್ಳಬೇಕು. ಅಕ್ಷರಗಳಿಗೂ ಹಾಗೆಯೇ, ಊರಿನ ಹೆಸರಿನ ಒತ್ತಕ್ಷರಕ್ಕೆ ಆ ಪೇಂಟರ್ ಕೊಟ್ಟ ಬಳುಕು ಯಾವ ಕಂಪ್ಯೂಟರ್ ಫಾಂಟಿನಲ್ಲೂ ಇಲ್ಲ. ಅಮೆರಿಕದಲ್ಲಿ 1960ರ ದಶಕದ ವಿನ್ನೆಬೇಗೊ ಮನೆಬಂಡಿಗಳ ಪಕ್ಕದಲ್ಲಿ ಹರಿಯುವ ಡಬ್ಲ್ಯು ಆಕಾರದ ಪಟ್ಟಿಯನ್ನು ಅಲ್ಲಿನ ಆಸಕ್ತರು ಇಂದಿಗೂ ಅಳತೆ ತಪ್ಪದಂತೆ ಮರುಬರೆಯುತ್ತಾರೆ. ಅಂಥ ಎಷ್ಟೋ ಮನೆಬಂಡಿಗಳ ಹೊರಮೈ ಅಲ್ಯೂಮಿನಿಯಂ. ಅದಕ್ಕೆ ಕೆಂಪು ತುಕ್ಕಿನ ಭಯವಿಲ್ಲ, ಪಟ್ಟಿ ಅಲ್ಲಿ ಬರೀ ಅಂದ. ಅಷ್ಟಕ್ಕೇ ಅಷ್ಟು ಶ್ರದ್ಧೆಯಿದ್ದರೆ, ಅಂದದ ಜೊತೆಗೆ ಆಯುಷ್ಯವನ್ನೂ ಕೊಡುವ ಪಟ್ಟಿಗೆ ನಾವು ಎಷ್ಟು ಶ್ರದ್ಧೆ ತೋರಬೇಕು?

ಇಲ್ಲಿ ಏಳುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ತುಕ್ಕು ಬಣ್ಣದ ಕೆಳಗೆ ಅಡಗಿರುತ್ತದೆ, ಪೂರ್ತಿ ಬತ್ತಲೆ ಮಾಡದೆ ಅದನ್ನು ಕಾಣುವುದು ಹೇಗೆ ಎಂದು ಅನುಭವಿ ಪೇಂಟರ್ ಕೇಳುತ್ತಾನೆ. ತುಕ್ಕು ಅಡಗಿರುತ್ತದೆ ನಿಜ, ಆದರೆ ಬಹಳ ದಿನ ಅಡಗಿರಲಾರದು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಮೇಲಿನ ಬಣ್ಣವನ್ನು ಗುಳ್ಳೆಯಾಗಿ ಎತ್ತಿ ತಾನೇ ತನ್ನ ಗುರುತು ಕೊಡುತ್ತದೆ. ಉಳಿದ ಜಾಗಕ್ಕೆ ಸುಲಭ ಪರೀಕ್ಷೆಯಿದೆ. ಬ್ಲೇಡಿನಲ್ಲಿ ಕಬ್ಬಿಣ ಮುಟ್ಟುವಂತೆ ಗುಣಾಕಾರದ ಗುರುತು ಗೀರಿ, ಅಂಟುಪಟ್ಟಿಯನ್ನು ಒತ್ತಿ ಹಚ್ಚಿ, ರಪ್ಪನೆ ಕೀಳಬೇಕು. ಬಣ್ಣ ಕಿತ್ತು ಬಂದರೆ ಅಲ್ಲಿ ಕೆರೆಯಲೇಬೇಕು. ಬರದಿದ್ದರೆ ಇಷ್ಟು ವರ್ಷ ಕಚ್ಚಿ ಹಿಡಿದ ಆ ಪದರಕ್ಕಿಂತ ಒಳ್ಳೆಯ ಪ್ರೈಮರ್ ಯಾವ ಡಬ್ಬದಲ್ಲೂ ಸಿಗದು. ಇಡೀ ಮೈ ಗ್ರೈಂಡ್ ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ. ರೆಡ್ ಆಕ್ಸೈಡ್ ನೀರು ತಡೆಯುವ ಗೋಡೆಯಲ್ಲ. ಅದರಲ್ಲಿ ಸೂಕ್ಷ್ಮ ರಂಧ್ರಗಳಿವೆ. ಅದರ ಬಣ್ಣವೂ ತುಕ್ಕನ್ನು ಮರೆಸುತ್ತದೆ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಇರುವ ಕೆಂಪು, ಕಬ್ಬಿಣದ ಆಕ್ಸೈಡಿನದು. ಅಲ್ಲಿನ ಅದಿರೇ ಭದ್ರಾವತಿಯ ಕುಲುಮೆಯಲ್ಲಿ ಕಬ್ಬಿಣವಾಯಿತು. ಮಳೆ ಸಿಕ್ಕ ಕಬ್ಬಿಣ ಮತ್ತೆ ಅದಿರಿನ ಬಣ್ಣಕ್ಕೇ ಮರಳುತ್ತದೆ. ಪ್ರೈಮರಿನ ಕೆಂಪಿಗೂ ತುಕ್ಕಿನ ಕೆಂಪಿಗೂ ಮೂಲ ಒಂದೇ ಆದ್ದರಿಂದ ರೆಡ್ ಆಕ್ಸೈಡ್ ಬಳಿದು ತಿಂಗಳುಗಟ್ಟಲೆ ಹಾಗೇ ಬಿಟ್ಟ ಟ್ರೇಲರ್‌ನಲ್ಲಿ ಹೊಸ ತುಕ್ಕು ಕಣ್ಣಿಗೇ ಬೀಳುವುದಿಲ್ಲ. ಅಗತ್ಯವಿದ್ದಲ್ಲಿ ಮಾತ್ರ ಕೆರೆದು, ಅಂದೇ ಪ್ರೈಮರ್ ಕೊಟ್ಟು, ಅದು ಆರಿದೊಡನೆ ಮೇಲಿನ ಬಣ್ಣ ಮುಚ್ಚುವುದು ಅದಕ್ಕಾಗಿಯೇ ಲೇಸು.

ಎರಡನೆಯ ಆಕ್ಷೇಪ ದುಡ್ಡಿನದು ಮತ್ತು ಕಾಲದ್ದು: ಸ್ಟಿಕ್ಕರ್ ಅರ್ಧ ದಿನದ ಕೆಲಸ, ಕೈಪಟ್ಟಿಗೆ ಎರಡು ಮೂರು ದಿನ ಬೇಕು. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ವಿನೈಲ್ ಸ್ಟಿಕ್ಕರ್ ಕಡೂರಿನಂಥ ಬಿಸಿಲಿಗೆ ಕುಗ್ಗಿ ಅಂಚಿನಲ್ಲಿ ಏಳುತ್ತದೆ. ಎದ್ದ ಅಂಚಿನೊಳಗೆ ನೀರು ಸೇರಿದರೆ ಹೊರಬರದು. ಮೇಲಂಚಿನ ಆ್ಯಂಗಲ್ಲಿಗೆ ಅಂಟಿಸಿದರಂತೂ ತುಕ್ಕಿಗೆ ತೇವದ ಹೊದಿಕೆ ಹೊದಿಸಿದಂತೆ. ಕೈಪಟ್ಟಿ ಗೀರಿದರೆ ಗೀರಿದಷ್ಟಕ್ಕೆ ಬ್ರಷ್ ಹಾಕಬಹುದು. ಸ್ಟಿಕ್ಕರ್ ಹರಿದರೆ ಪೂರ್ತಿ ಕೀಳಬೇಕು, ಅಂಟನ್ನು ಥಿನ್ನರ್ ಹಾಕಿ ಒರೆಸಬೇಕು, ಆ ಥಿನ್ನರ್ ಕೆಳಗಿನ ಎನಾಮೆಲ್ಲನ್ನೂ ಕದಡುತ್ತದೆ. ಎನ್‌ಸಿ ಥಿನ್ನರಿನ ಖಾರಕ್ಕೆ ಹಳೆಯ ಎನಾಮೆಲ್ ಸುಕ್ಕುಗಟ್ಟಿ ಏಳುತ್ತದೆ; ಹಳೆ ಎನಾಮೆಲ್ ಮೇಲೆ ಹೊಸ ಎನಾಮೆಲ್ಲೇ ಸರಿ, ಅದಕ್ಕೆ ಟರ್ಪೆಂಟೈನೇ ಸರಿ. ಸೀಮೆಎಣ್ಣೆ ಬೆರೆಸಿ ಉಳಿಸಿದ ಕಾಸು ಆರದ ಬಣ್ಣದ ಮೇಲೆ ಕೂತ ಧೂಳಿನಲ್ಲಿ ಹೋಗುತ್ತದೆ. ನಡುಮೈ ಬಣ್ಣ ಗಟ್ಟಿಯಾಗಲು ಒಂದು ವಾರ ಬಿಟ್ಟು, ದಾರ ಹಿಡಿದು ಸೀಮೆಸುಣ್ಣದ ಗೆರೆ ಹೊಡೆದು, ಉದ್ದ ಕೂದಲಿನ ಲೈನಿಂಗ್ ಬ್ರಷ್ಷಿನಲ್ಲಿ ಒಂದೇ ಉಸಿರಿಗೆ ಪಟ್ಟಿ ಎಳೆಯಬೇಕು. ಈ ಕೆಲಸಕ್ಕೆ ಆಯುಧಪೂಜೆಯ ಹಿಂದಿನ ವಾರ ಸರಿಯಾದ ಕಾಲವಲ್ಲ. ಆಗಿನ್ನೂ ಹಿಂಗಾರಿನ ಗಾಳಿಯಲ್ಲಿ ತೇವವಿದೆ, ಬೆಸುಗೆಯ ಸಂದಿಗಳು ಆರಿಲ್ಲ. ಮುಚ್ಚಿದ ತೇವ ಬೇಸಿಗೆಯಲ್ಲಿ ಗುಳ್ಳೆಯಾಗಿ ಏಳುತ್ತದೆ. ಪೂಜೆಗೆ ತೊಳೆದು ಕುಂಕುಮವಿಟ್ಟರೆ ಸಾಕು. ಬಣ್ಣಕ್ಕೆ ಸಂಕ್ರಾಂತಿ ಕಳೆದ ಒಣಹವೆ ಒಳ್ಳೆಯದು.

ಕಾನೂನು ಹೇಳುವ ಪ್ರತಿಫಲಕ ಟೇಪು ಬೇರೆ ವಿಷಯ. ಅದನ್ನು ಕೈಪಟ್ಟಿಯ ಎದುರಾಳಿ ಎಂದು ನೋಡಬಾರದು. ದೀಪವಿಲ್ಲದ ಟ್ರೇಲರ್ ರಾತ್ರಿ ಹೆದ್ದಾರಿಯಲ್ಲಿ ಸಾವಿಗೆ ಕಾರಣವಾಗಬಲ್ಲದು, ಎನಾಮೆಲ್ ಎಷ್ಟು ಹೊಳೆದರೂ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸಲಾರದು. ಟೇಪಿಗೆ ಚಪ್ಪಟೆ ಜಾಗ ಬಿಟ್ಟು, ಅಂಚನ್ನು ಬ್ರಷ್ಷಿಗೆ ಕೊಟ್ಟರೆ ಎರಡೂ ಒಂದೇ ಮೈಮೇಲೆ ಸುಖವಾಗಿರುತ್ತವೆ. ಕಡಿಮೆ ಕೆರೆಯಬೇಕು ಎಂಬುದಕ್ಕೆ ಆರೋಗ್ಯದ ಕಾರಣವೂ ಇದೆ. ಹಳೆಯ ಹಳದಿ, ಕಿತ್ತಳೆ ಎನಾಮೆಲ್ಲುಗಳಲ್ಲಿ ಸೀಸದ ಕ್ರೋಮೇಟ್ ಇರುವುದು ಸಾಮಾನ್ಯವಾಗಿತ್ತು. 2016ರ ನಿಯಮ ಸೀಸವನ್ನು ಹತ್ತು ಲಕ್ಷದಲ್ಲಿ 90 ಪಾಲಿಗೆ ಇಳಿಸಿತು, 2017ರ ನವೆಂಬರಿನಿಂದ ಜಾರಿಗೂ ಬಂತು. ಆದರೆ ಅದು ಮನೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾಡಿದ ನಿಯಮ, ಹಳೆ ಟ್ರೇಲರ್‌ನ ಮೈಮೇಲಿರುವ ಪದರಕ್ಕೆ ಅದರ ಹಂಗಿಲ್ಲ. ಒಣಗಿದ್ದಂತೆಯೇ ಗ್ರೈಂಡರ್ ಹಾಕಿದರೆ ಆ ಪುಡಿ ಉಸಿರಿಗೆ ಹೋಗುತ್ತದೆ, ಕೊಟ್ಟಿಗೆಯ ಮೇವಿಗೂ ಹೋಗುತ್ತದೆ. ಕಂಡದ್ದನ್ನೆಲ್ಲ ನೆಕ್ಕುವ ದನಗಳಿಗೆ ಸೀಸದ ವಿಷ ಬೇಗ ಏರುತ್ತದೆ. ಅಮೃತಮಹಲ್ ತಳಿಯನ್ನು ಕಾಪಾಡಿದ ಅಜ್ಜಂಪುರದ ನೆಲದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನೀರು ಹಾಕಿಯೇ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು, ಪುಡಿಯನ್ನು ಟಾರ್ಪಾಲಿನ ಮೇಲೆ ಹಿಡಿದು ದನಕರು ಸುಳಿಯದ ಕಡೆ ವಿಲೇವಾರಿ ಮಾಡಬೇಕು.

ಕೊನೆಯ ಆಕ್ಷೇಪ, ಟ್ರೇಲರ್ ಒಂದು ದುಡಿಯುವ ಸಾಮಾನು, ಗೊಬ್ಬರ ಹೊರುವುದಕ್ಕೆ ಇಷ್ಟೆಲ್ಲ ಉಪಚಾರವೇ ಎಂಬುದು. ದುಡಿಯುವುದಕ್ಕೆ ಉಪಚಾರ ಮಾಡುವುದೇ ಈ ಸೀಮೆಯ ಹಳೆಯ ನಡತೆ. ಸಂಕ್ರಾಂತಿಗೆ ಎತ್ತಿನ ಕೊಂಬು ಹೆರೆದು, ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೊಡಣಸು ತೊಡಿಸಿದವರು ಎತ್ತನ್ನು ಪ್ರದರ್ಶನಕ್ಕೆ ಇಟ್ಟುಕೊಂಡವರಲ್ಲ, ಮಾರನೆಯ ದಿನ ನೊಗಕ್ಕೆ ಕಟ್ಟಿದವರು. ಕೊಡಣಸೂ ಚಂದವೊಂದಕ್ಕೇ ಇದ್ದದ್ದಲ್ಲ. ಚೂಪಾದ ತುದಿಯನ್ನು ಮುಚ್ಚಿ ಇರಿತ ತಪ್ಪಿಸುತ್ತಿತ್ತು, ಕೊಂಬಿನ ತುದಿ ಸೀಳದಂತೆ ಕಾಯುತ್ತಿತ್ತು. ಅತಿ ಬೇಗ ಪೆಟ್ಟು ತಿನ್ನುವ ತುದಿಯನ್ನೇ ಅತಿ ಚಂದ ಮಾಡುವ ಆ ಬುದ್ಧಿಯೇ ಟ್ರೇಲರ್‌ನ ಅಂಚಿನ ಪಟ್ಟಿಯಲ್ಲೂ ಇದೆ ಎಂದು ನಾನು ತಿಳಿಯುತ್ತೇನೆ. ಆದ್ದರಿಂದ ಈ ಬೇಸಿಗೆಯಲ್ಲಿ ಹಳೆಯ ಟ್ರೇಲರ್ ಗ್ಯಾರೇಜಿನ ಮುಂದೆ ನಿಂತಾಗ ಗ್ರೈಂಡರ್ ಎತ್ತುವ ಮೊದಲು ಒಂದು ಹಾಳೆ ಬಟರ್ ಪೇಪರ್, ಒಂದು ಪೆನ್ಸಿಲ್, ಒಂದು ತುಂಡು ವಾಟರ್ ಪೇಪರ್ ತೆಗೆದುಕೊಳ್ಳಿ. ಎಲ್ಲಿ ಕೆರೆಯಬೇಕು, ಎಲ್ಲಿ ಬಿಡಬೇಕು, ಯಾವ ಬಣ್ಣ ತರಬೇಕು ಎಂಬ ಮೂರು ಪ್ರಶ್ನೆಗೂ ಉತ್ತರ ಪಟ್ಟಿಯ ಕೆಳಗೇ ಸಿಗುತ್ತದೆ.