ಮೊದಲು ಕೇಳಿ, ಆಮೇಲೆ ನೋಡಿ

ಮೊದಲ ಸಲ ರ‍್ಯಾಲಿ ನೋಡಲು ಹೋದವರು ಹೆಚ್ಚಾಗಿ ಮುಖ ಸಪ್ಪೆ ಮಾಡಿಕೊಂಡೇ ಹಿಂದಿರುಗುತ್ತಾರೆ. ನಾನೂ ಹಾಗೆ ಬಂದವನೇ. ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಸಾನ್‌ರೆಮೋ ಎಂಬ ಊರಿದೆ. ಹಾಡಿನ ಸ್ಪರ್ಧೆಗೂ ಹೂವಿನ ತೋಟಗಳಿಗೂ ಹೆಸರಾದದ್ದು. ಅದರ ಬೆನ್ನಿಗಿರುವ ಬೆಟ್ಟದಲ್ಲಿ ಹಳೇ ಕಾರುಗಳ ರ‍್ಯಾಲಿ ನೋಡಲೆಂದು ಕಲ್ಲಿನ ಕಟ್ಟೆಯೊಂದರ ಮೇಲೆ ಬೆಳಗಿನ ಚಳಿಯಲ್ಲಿ ಎರಡು ಗಂಟೆ ಕೂತಿದ್ದೆ. ಒಂದು ಕಾರು ಬಂತು, ತಿರುಗಿತು, ಹೋಯಿತು. ಏಳೆಂಟು ಸೆಕೆಂಡಿನ ಆಟ. ಮತ್ತೆ ಒಂದು ನಿಮಿಷ ಬರೀ ಹಕ್ಕಿಗಳ ಸದ್ದು. ಆಮೇಲೆ ಇನ್ನೊಂದು ಕಾರು. ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ. ಯಾರು ಗೆಲ್ಲುತ್ತಿದ್ದಾರೆ ಅಂತಲೂ ತಿಳಿಯಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ ಭಾರಿ ಖುಷಿಯಲ್ಲಿದ್ದರು. ಕಾರು ಕಣ್ಣಿಗೆ ಬೀಳುವ ಮೊದಲೇ ಅದರ ಹೆಸರು ಹೇಳಿ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದರು. “ಫುಲ್ವಿಯಾ” ಅಂದರು, ಫುಲ್ವಿಯಾ ಬಂತು. “ಪೋರ್ಶೆ” ಅಂದರು, ಪೋರ್ಶೆ ಬಂತು. ಮೂರನೆಯದಕ್ಕೆ ಎಡವಿದರು. ಆಲ್ಫಾ ಅಂದಿದ್ದರು, ಬಂದದ್ದು ಫಿಯಾಟ್ 124. ತಪ್ಪಿದ್ದಕ್ಕೆ ನಾಚಿಕೊಂಡು ನಕ್ಕು, ಬರೆದದ್ದನ್ನು ಹೊಡೆದುಹಾಕಿದರು. ನಾನು ಎರಡು ಗಂಟೆಯಿಂದ ಕಣ್ಣು ಬಿಟ್ಟುಕೊಂಡು ಕೂತದ್ದೇ ತಪ್ಪು ಅಂತ ಹೊಳೆದದ್ದು ಆಗ. ಈ ಆಟವನ್ನು ಕಿವಿಯಿಂದ ನೋಡಬೇಕು.

ಹೊಸಬರಿಗೆ ಇಷ್ಟು ತಿಳಿದಿರಲಿ. ಡಾಂಬರು ರ‍್ಯಾಲಿ ಎಂದರೆ ಊರವರು ದಿನಾ ಓಡಾಡುವ ರಸ್ತೆಯನ್ನೇ ಕೆಲವು ಗಂಟೆ ಮುಚ್ಚಿ, ಒಂದೊಂದೇ ಕಾರನ್ನು ಸಾಮಾನ್ಯವಾಗಿ ನಿಮಿಷಕ್ಕೊಂದರಂತೆ ಬಿಡುವುದು. ಎದುರಾಳಿ ಇರುವುದು ಗಡಿಯಾರದಲ್ಲಿ. ಮುಚ್ಚಿದ ಇಂಥ ತುಂಡುಗಳಿಗೆ ಸ್ಟೇಜ್ ಎನ್ನುತ್ತಾರೆ. ಎಲ್ಲ ಸ್ಟೇಜುಗಳ ಸಮಯ ಕೂಡಿಸಿ ಕಡಿಮೆ ಯಾರದೋ ಅವರು ಗೆದ್ದರು. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಇದೇ ಕಾರುಗಳು ಟ್ರಾಫಿಕ್ಕಿನಲ್ಲಿ, ಸಿಗ್ನಲ್ಲಿಗೆ ನಿಂತು, ಹಾಲಿನ ವ್ಯಾನಿನ ಹಿಂದೆ ತೆವಳುತ್ತ ಹೋಗಬೇಕು. ಹೇಳಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ.

ಇನ್ನು ಕೇಳುವುದು. ಎಲ್ಲಾದರೊಂದು ಹೇರ್‌ಪಿನ್ ತಿರುವಿನ ಮೇಲ್ಗಡೆ, ರಸ್ತೆಗಿಂತ ಎತ್ತರದಲ್ಲಿ ಕೂತುಕೊಳ್ಳಿ. ಕೆಳಗೆ ಎಲ್ಲೋ ಕಣಿವೆಯಲ್ಲಿ ಎಂಜಿನ್ ಏರುವುದು ಕೇಳುತ್ತದೆ. ಆ ಸದ್ದು ಒಮ್ಮೆಲೇ ಕಡಿಯುತ್ತದೆ, ಅದು ಬ್ರೇಕ್. ಹಿಂದೆಯೇ ಎರಡು ಸಣ್ಣ ಗುಟುರು, ಪ್ರತಿ ಗೇರ್ ಇಳಿಸುವಾಗಲೂ ಒಂದೊಂದು. ಆಮೇಲೆ ಒಂದು ಮೌನ. ಈ ಮೌನ ಎಷ್ಟು ಉದ್ದ ಎಂಬುದರಲ್ಲೇ ಆಟದ ಜೀವ ಇರುವುದು. ಕಾರು ಇನ್ನೂ ತಿರುವಿನೊಳಗೇ ಇರುವಾಗ ಎಂಜಿನ್ ಮತ್ತೆ ಬಾಯಿ ಬಿಟ್ಟರೆ ಚಾಲಕ ಜಾಣ, ಮುಂದಿನ ನೇರ ದಾರಿಯುದ್ದಕ್ಕೂ ಅವನಿಗೆ ಆ ಲಾಭ ಸಿಗುತ್ತದೆ. ಬಾಯಿ ಬಿಟ್ಟು, ಮತ್ತೆ ಮುಚ್ಚಿ, ಮತ್ತೆ ಬಿಟ್ಟರೆ ಎಲ್ಲೋ ಲೆಕ್ಕ ತಪ್ಪಿತು ಎಂದು ತಿಳಿಯಿರಿ. ಟೈರಿನ ಕಿರುಚಾಟಕ್ಕೆ ಮರುಳಾಗಬೇಡಿ. ಹಿಂಭಾಗ ಬೀಸಿಕೊಂಡು, ಹೊಗೆ ಎಬ್ಬಿಸಿಕೊಂಡು ಹೋದವನಿಗೆ ಚಪ್ಪಾಳೆ ಬೀಳುತ್ತದೆ, ಸಮಯ ಬೀಳುವುದಿಲ್ಲ. ಮಣ್ಣಿನ ದಾರಿಯಲ್ಲಿ ಜಾರುವುದು ಒಂದು ವಿದ್ಯೆ. ಒಣ ಡಾಂಬರಿನಲ್ಲಿ ಹೆಚ್ಚಿನಂಶ ದುಂದು.

ಕಾರಿನೊಳಗೆ ಇನ್ನೊಂದು ದನಿ ಇದೆ. ಹೊರಗಿನವರಿಗೆ ಅದು ಕೇಳಿಸದು. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷ ಎನ್ನುತ್ತೇವಲ್ಲ, ಕುಣಿಯುವವನು ಇನ್ನೊಬ್ಬನಾದರೂ ಆಟ ನಡೆಸುವವರು ಅವರೇ. ರ‍್ಯಾಲಿಯಲ್ಲಿ ಆ ಜಾಗ ಪಕ್ಕದ ಸೀಟಿನ ನ್ಯಾವಿಗೇಟರದು. ಸ್ಪರ್ಧೆಗೆ ಮುಂಚೆ ಇಬ್ಬರೂ ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗಿ, ಪ್ರತಿ ತಿರುವಿಗೂ ಒಂದು ಅಂಕಿ ಕೊಟ್ಟು ಬರೆದುಕೊಂಡಿರುತ್ತಾರೆ. “ಸಿನಿಸ್ತ್ರಾ ತ್ರೇ, ಸ್ತ್ರಿಂಜೆ. ಚಿಂಕ್ವಾಂತಾ. ತೊರ್ನಾಂತೆ ದೇಸ್ತ್ರಾ, ನೋನ್ ತಾಲ್ಯಾರೆ.” ಅಂದರೆ, ಎಡಕ್ಕೆ ಮೂರರ ತಿರುವು, ಹೋಗ್ತಾ ಬಿಗಿಯಾಗುತ್ತದೆ, ಐವತ್ತು ಮೀಟರ್, ಬಲಕ್ಕೆ ಹೇರ್‌ಪಿನ್, ಒಳಗೆ ಕತ್ತರಿಸಬೇಡ. ಚಾಲಕ ಮೂರರ ತಿರುವಿನಲ್ಲಿರುವಾಗ ನ್ಯಾವಿಗೇಟರ್ ಹೇರ್‌ಪಿನ್ ಓದುತ್ತಿರಬೇಕು. ಒಂದು ಸಾಲು ಮುಂದೆ ಹೋದರೂ ಕೆಟ್ಟಿತು, ಹಿಂದೆ ಬಿದ್ದರೂ ಕೆಟ್ಟಿತು.

ನಮ್ಮ ಮನೆಯಲ್ಲಿ ಇದನ್ನು ಹೆಸರು ಗೊತ್ತಿಲ್ಲದೆಯೇ ಮಾಡುತ್ತಿದ್ದೆವು. ಸೋದರಮಾವನ ಹತ್ತಿರ ಪದ್ಮಿನಿ ಕಾರಿತ್ತು, ಗೇರ್ ಸ್ಟೇರಿಂಗಿನ ಬುಡದಲ್ಲಿರುವ ಕಾರು. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ನುಗಳನ್ನು ಹತ್ತುವಾಗ ಪಕ್ಕದಲ್ಲಿ ಕೂತ ಅತ್ತೆ ಬಾಯಿ ಮುಚ್ಚಿದವರಲ್ಲ. “ಹಾರ್ನ್ ಮಾಡಿ. ಮುಂದಿಂದು ಪೂರಾ ತಿರುಗತ್ತೆ, ಈಗ್ಲೇ ಎರಡಕ್ಕೆ ಹಾಕಿ. ಮೇಲಿಂದ ಬಸ್ಸು ಬರ್ತಿದೆ, ಸದ್ದು ಕೇಳ್ತಿಲ್ವಾ ನಿಮಗೆ?” ಮಾವ ಗೊಣಗುತ್ತಲೇ ಹೇಳಿದಂತೆ ಮಾಡುತ್ತಿದ್ದರು. ಅತ್ತೆ ಬರದ ದಿನ ಕಾರು ಏಳನೇ ತಿರುವಿನಲ್ಲಿ ನಿಂತುಬಿಡುತ್ತಿತ್ತು. ಆ ಪದ್ಮಿನಿ 1953ರಲ್ಲಿ ಬಂದ ಫಿಯಾಟ್ 1100/103ರ ವಂಶದ್ದು, ಮತ್ತು ಆ 1100ಗಳು ಮಿಲ್ಲೆ ಮಿಲ್ಯಾ ಎಂಬ ಮಹಾ ಓಟದಲ್ಲಿ ಸಣ್ಣ ಕಾರುಗಳ ವರ್ಗದಲ್ಲಿ ಓಡಿದ್ದವು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಮಿಲ್ಲೆ ಮಿಲ್ಯಾ ಅಂದರೆ ಸಾವಿರ ಮೈಲಿ. ಬ್ರೆಶ್ಯಾ ಊರಿಂದ ಹೊರಟು ರೋಮ್ ಮುಟ್ಟಿ ಮತ್ತೆ ಬ್ರೆಶ್ಯಾಕ್ಕೆ, ಸುಮಾರು 1,600 ಕಿಲೋಮೀಟರ್. 1927ರಿಂದ 1957ರವರೆಗೆ, ನಡುವೆ ಯುದ್ಧದ ಕಾಲ ಬಿಟ್ಟು, 24 ಬಾರಿ ನಡೆಯಿತು. ಕೊನೆಯ ವರ್ಷಗಳಲ್ಲಿ ಕಾರಿನ ನಂಬರೇ ಅದು ಹೊರಡುವ ಹೊತ್ತು. 1955ರಲ್ಲಿ ಗೆದ್ದ ಸ್ಟರ್ಲಿಂಗ್ ಮಾಸ್ ಅವರ ಕಾರಿನ ಮೇಲೆ 722 ಎಂದಿತ್ತು, ಬೆಳಿಗ್ಗೆ 7 ಗಂಟೆ 22 ನಿಮಿಷ. ಕಾರು ಇಟಲಿಯದಲ್ಲ, ಜರ್ಮನಿಯ ಮರ್ಸಿಡಿಸ್. ಆದರೂ ರಸಿಕರು ಆ ಓಟವನ್ನು ಬಿಡುವಂತಿಲ್ಲ. ಪಕ್ಕದಲ್ಲಿ ಕೂತಿದ್ದ ಪತ್ರಕರ್ತ ಡೆನಿಸ್ ಜೆಂಕಿನ್‌ಸನ್ ಇಡೀ ದಾರಿಯ ಟಿಪ್ಪಣಿಯನ್ನು ಸುಮಾರು 18 ಅಡಿ ಉದ್ದದ ಕಾಗದದ ಸುರುಳಿಯಲ್ಲಿ ಬರೆದು, ಅದನ್ನೊಂದು ಡಬ್ಬಿಯೊಳಗೆ ಸುತ್ತಿ ತಿರುಗಿಸುತ್ತ ಓದಿದರು. ಎಂಜಿನ್ನಿನ ಅಬ್ಬರದಲ್ಲಿ ದನಿ ಕೇಳದ್ದರಿಂದ ಕೈಸನ್ನೆಯಲ್ಲೇ ಹೇಳಿದರು. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು, ಗಂಟೆಗೆ ಸರಾಸರಿ 157 ಕಿಲೋಮೀಟರಿಗೂ ಮೇಲೆ, ಅದೂ ಊರೂರಿನ ಬೀದಿಗಳಲ್ಲಿ ನುಗ್ಗಿ.

ಈಗ ಇಟಲಿಯ ಕಾರುಗಳಿಗೆ ಬರೋಣ. ಅಭ್ಯಾಸಕ್ಕೆ ಲಾಂಚಿಯಾ ಫುಲ್ವಿಯಾವನ್ನೇ ಮೊದಲು ಹಿಡಿಯಿರಿ ಎನ್ನುತ್ತೇನೆ. ನಾಲ್ಕು ಸಿಲಿಂಡರುಗಳು ವಿ ಆಕಾರದಲ್ಲಿ, ಆದರೆ ವಿ ಎಷ್ಟು ಇಕ್ಕಟ್ಟೆಂದರೆ ಎರಡು ಸಾಲಿಗೂ ಸೇರಿ ಒಂದೇ ಸಿಲಿಂಡರ್ ಹೆಡ್ ಸಾಕು. ಹಾಗಾಗಿ ಸದ್ದು ಬೇರೆ ಯಾವ ನಾಲ್ಕು ಸಿಲಿಂಡರಿನದೂ ಅಲ್ಲ; ಸ್ವಲ್ಪ ಒರಟು, ಗಂಟಲು ಕಟ್ಟಿದ ಗಾಯಕನ ಹಾಗೆ. ಎಂಜಿನ್ ಮೂಗಿನ ಮೇಲೆ, ಎಳೆಯುವುದೂ ಮುಂದಿನ ಚಕ್ರಗಳೇ. ಇಂಥ ಕಾರು ತಿರುವಿನಲ್ಲಿ ನೇರ ಹೋಗುತ್ತೇನೆಂದು ಹಟ ಹಿಡಿಯುತ್ತದೆ. ಬಲಗಾಲು ಆಕ್ಸಿಲರೇಟರ್ ಬಿಡದೆಯೇ ಎಡಗಾಲಲ್ಲಿ ಬ್ರೇಕ್ ಮುಟ್ಟಿ, ಮೂಗನ್ನು ಒಳಗೆ ತಿರುಗಿಸುವುದನ್ನು ಗಮನಿಸಿ. ಒಳಬದಿಯ ಹಿಂಚಕ್ರ ಒಮ್ಮೊಮ್ಮೆ ನೆಲ ಬಿಟ್ಟು ಏಳುತ್ತದೆ. ರ‍್ಯಾಲಿ ತಂಡದ ಗುರುತು ಓಡುವ ಕೆಂಪು ಆನೆಗಳು. ಮೈಸೂರು ಕಡೆಯವನಾದ ನನಗೆ ಅದು ತಮಾಷೆಯಾಗಿ ಕಾಣುತ್ತದೆ, ಕಾರಿನ ತೂಕ 850 ಕಿಲೋ ಆಸುಪಾಸು. ಇದೇ ಪುಟ್ಟ ಕಾರಿನಲ್ಲಿ ಸಾಂದ್ರೊ ಮುನಾರಿ ಮತ್ತು ಮಾರಿಯೊ ಮನ್ನುಚ್ಚಿ 1972ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು, ಪೋರ್ಶೆ ಮತ್ತು ಆಲ್ಪೀನ್ ಕಾರುಗಳ ನಡುವೆ, ಗೆದ್ದುಬಿಟ್ಟರು.

ಅದರ ಉತ್ತರಾಧಿಕಾರಿ ಸ್ಟ್ರಾಟೋಸ್ ಹಾಗಲ್ಲ. ಅದು ರ‍್ಯಾಲಿಗೆಂದೇ ಹುಟ್ಟಿದ ಪ್ರಾಣಿ. ರೂಪ ಕೊಟ್ಟದ್ದು ಬೆರ್ತೋನೆ ಸಂಸ್ಥೆಯ ಮಾರ್ಚೆಲ್ಲೊ ಗಾಂದೀನಿ, ಎಂಜಿನ್ ಫೆರಾರಿ ಕಡೆಯ ಡೀನೋ ವಿ6, ಹೆಲ್ಮೆಟ್ ಇಡಲೆಂದೇ ಬಾಗಿಲೊಳಗೆ ಗುಂಡನೆಯ ಜಾಗ. ಮುಂದಿನ ಹಿಂದಿನ ಚಕ್ರಗಳ ನಡುವೆ ಬರೀ 2,180 ಮಿಲಿಮೀಟರ್ ಅಂತರ. ನಮ್ಮ ಮಾರುತಿ 800ರದ್ದು 2,175! ಅಷ್ಟು ಗಿಡ್ಡದ ಮೈಯೊಳಗೆ, ಬೆನ್ನ ಹಿಂದೆ ಆ ಎಂಜಿನ್. ತಿರುವಿಗೆ ಥಟ್ಟನೆ ತಿರುಗುತ್ತದೆ ನಿಜ, ಆದರೆ ಬುಗುರಿಯ ಹಾಗೆ ಅಲ್ಲಿಗೇ ನಿಲ್ಲದೆ ಇನ್ನೂ ತಿರುಗುತ್ತಲೇ ಹೋಗಬಹುದು. ಚಾಲಕನ ಕೈ ನೋಡಿ, ಒಂದು ಕ್ಷಣ ಸುಮ್ಮನಿರದು. 1974, 75, 76, ಮೂರು ವರ್ಷ ಲಾಂಚಿಯಾಕ್ಕೆ ವಿಶ್ವ ಕಿರೀಟ ತಂದ ಕಾರಿದು. ತಯಾರಾದದ್ದು ಐನೂರಕ್ಕೂ ಕಡಿಮೆ, ನಕಲುಗಳಿಗಂತೂ ಬರವಿಲ್ಲ. ಅಸಲೋ ನಕಲೋ ಎಂಬ ಪಂಚಾಯ್ತಿ ಪಾರ್ಕಿಂಗ್ ಜಾಗದಲ್ಲಿ ನಡೆಯಲಿ, ನೀವು ಸದ್ದು ಕೇಳಿ.

ಫಿಯಾಟ್ 131 ಅಬಾರ್ತ್ ನೋಡಲು ಬ್ಯಾಂಕ್ ಮ್ಯಾನೇಜರ್ ಆಫೀಸಿಗೆ ಹೋಗುವ ಕಾರು, ಗೆದ್ದದ್ದು 1977, 78 ಮತ್ತು 80ರ ವಿಶ್ವಪಟ್ಟ. ಆಲ್ಫಾದ ಜೂಲಿಯಾ ಜಿಟಿಎಯಲ್ಲಿ ‘ಎ’ ಅಂದರೆ ಹಗುರಾದದ್ದು. ಹೊರಮೈಗೆ ಅಲ್ಯುಮಿನಿಯಂ ಹೊದಿಸಿ ಇನ್ನೂರು ಕಿಲೋದಷ್ಟು ಇಳಿಸಿದರು. ಲಾಂಚಿಯಾ 037ರ ಸೂಪರ್‌ಚಾರ್ಜರ್ ಮಿಕ್ಸಿ ತಿರುಗಿದಂತೆ ಕೂಗುತ್ತದೆ, ಅದನ್ನು ಗುರುತಿಸಲು ಅಭ್ಯಾಸವೇ ಬೇಡ. 1983ರಲ್ಲಿ, ನಾಲ್ಕೂ ಚಕ್ರ ಎಳೆಯುವ ಆಡಿ ಕ್ವಾಟ್ರೊ ಬಂದಾಗಿದ್ದರೂ, ಹಿಂದಿನ ಎರಡೇ ಚಕ್ರಗಳ 037 ವಿಶ್ವಪಟ್ಟ ಗೆದ್ದಿತು. ಎರಡೇ ಚಕ್ರ ಎಳೆಯುವ ಕಾರಿಗೆ ತಯಾರಕರ ಪಟ್ಟ ಸಿಕ್ಕಿದ್ದು ಅದೇ ಕೊನೆ. ಒಣ ಡಾಂಬರು ಹಿಡಿತ ಕೊಡುವಲ್ಲಿ ನಾಲ್ಕು ಚಕ್ರದ ಭಾರ ಹೊರೆಯೇ.

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ರ‍್ಯಾಲಿ ನೋಡಿ ಬಂದವರಿಗೆ ಇಲ್ಲೊಂದು ಲೆಕ್ಕ ಉಲ್ಟಾ. ಮಣ್ಣಿನಲ್ಲಿ ಮೊದಲು ಹೋಗುವವನು ಸಡಿಲ ಜಲ್ಲಿ ಗುಡಿಸಿ ಹಿಂದಿನವರಿಗೆ ದಾರಿ ಮಾಡಿಕೊಡುತ್ತಾನೆ. ಡಾಂಬರಿನಲ್ಲಿ ಮೊದಲು ಹೋಗುವವನೇ ಪುಣ್ಯವಂತ. ಪ್ರತಿ ಕಾರೂ ತಿರುವಿನ ಒಳಅಂಚನ್ನು ಕತ್ತರಿಸಿ ಹೋಗುವಾಗ ಚಕ್ರ ಮಣ್ಣಿಗಿಳಿದು, ಕಲ್ಲು ಕೆಸರನ್ನು ರಸ್ತೆಗೆ ಎಳೆದು ತರುತ್ತದೆ. ಹತ್ತನೇ ಕಾರು ಬರುವ ಹೊತ್ತಿಗೆ ಅದು ಬೇರೆಯೇ ರಸ್ತೆ. ಮೊದಲ ಕಾರು ಹೋದಾಗ ತಿರುವಿನ ಬಣ್ಣ ನೋಡಿಟ್ಟುಕೊಳ್ಳಿ, ಮೂವತ್ತನೆಯದು ಹೋದಾಗ ಮತ್ತೆ ನೋಡಿ. ಲಿಗೂರಿಯಾದ ಬೆಟ್ಟಗಳಲ್ಲಿ ಚೆಸ್ಟ್‌ನಟ್ ಮರಗಳ ನೆರಳಿರುವ ಕಡೆ ತೇವ ಬೇರೆ ಆರಿರುವುದಿಲ್ಲ. ನೆರಳಿಗೆ ಹೊಕ್ಕು ಹೊರಬರುವ ಆ ಹತ್ತು ಮೀಟರಿನಲ್ಲಿ ಎಂಜಿನ್ ಸದ್ದು ಒಂದು ಎಳೆ ತಗ್ಗುವುದು ಕೇಳಿಸಿದರೆ ನಿಮ್ಮ ಕಿವಿ ಪಳಗಿತು.

ವೇಗವೇ ಇಲ್ಲದ ರ‍್ಯಾಲಿಯೂ ಉಂಟು. 1957ರ ಮಿಲ್ಲೆ ಮಿಲ್ಯಾದಲ್ಲಿ ಗುಯಿದಿತ್ಸೋಲೊ ಹಳ್ಳಿಯ ಹತ್ತಿರ ಅಲ್ಫೋನ್ಸೊ ದೆ ಪೋರ್ತಾಗೊ ಅವರ ಫೆರಾರಿ ಜನರ ಮೇಲೆ ನುಗ್ಗಿ, ಅವರೂ ಜೊತೆಗಾರರೂ ಒಂಬತ್ತು ಮಂದಿ ಪ್ರೇಕ್ಷಕರೂ ಸತ್ತರು. ಅವರಲ್ಲಿ ಐವರು ಮಕ್ಕಳು. ಆ ಮಹಾ ಓಟ ಅಲ್ಲಿಗೆ ನಿಂತಿತು. 1977ರಲ್ಲಿ ಮತ್ತೆ ಶುರುವಾದದ್ದು ಓಟವಾಗಿ ಅಲ್ಲ, ಸಮಯಪಾಲನೆಯ ಪರೀಕ್ಷೆಯಾಗಿ. ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ, ಹೇಳಿದ ಸೆಕೆಂಡಿಗೆ ಸರಿಯಾಗಿ ಚಕ್ರ ಹತ್ತಬೇಕು. ಸೆಕೆಂಡಿನ ನೂರನೇ ಒಂದು ಪಾಲು ತಪ್ಪಿದರೂ ಲೆಕ್ಕಕ್ಕೆ ಬರುತ್ತದೆ. ಸಂಗೀತ ಕೇಳುವವರಿಗೆ ಇದರ ಸುಖ ಬೇಗ ಹತ್ತುತ್ತದೆ: ಎಷ್ಟು ಸ್ವರ ಸುರಿದರೂ ಎಡುಪಿಗೆ ಬಂದು ಕೂರಬೇಕಲ್ಲ, ಅದೇ. ನ್ಯಾವಿಗೇಟರ್ ಐದು, ನಾಲ್ಕು, ಮೂರು ಎಂದು ಎಣಿಸುತ್ತ ಬರುವಾಗ ಕಾರು ಆಮೆಯ ಹಾಗೆ ತೆವಳಿ, ಸೊನ್ನೆಗೆ ಸರಿಯಾಗಿ ಕೊಳವೆ ಮುಟ್ಟುತ್ತದೆ. ಕೋಟಿ ಬಾಳುವ ಕಾರುಗಳ ಶ್ರೀಮಂತ ಮೆರವಣಿಗೆ ಅಂತ ನನಗೆ ಮೊದಲು ಅಸಡ್ಡೆ ಇತ್ತು. ಕೊಳವೆಯ ಪಕ್ಕ ಒಂದು ಗಂಟೆ ನಿಂತ ಮೇಲೆ ಅರ್ಧ ಅಸಡ್ಡೆ ಹೋಯಿತು.

ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಗುಯಿದಿತ್ಸೋಲೊ ನೆನಪಿದ್ದರೆ ಸಾಕು. ತಿರುವಿನ ಹೊರಬದಿಗೆ ನಿಲ್ಲಬೇಡಿ, ಕಾರು ಕೈಬಿಟ್ಟರೆ ಬರುವುದು ಅಲ್ಲಿಗೇ. ರಸ್ತೆಗಿಂತ ಕೆಳಗೂ ಬೇಡ. ಫೋಟೋ ತೆಗೆಯುವ ಆಸೆಗೆ ಕಾರಿಗೆ ಬೆನ್ನು ಹಾಕಬೇಡಿ. ಮಾರ್ಷಲ್ ಸೀಟಿ ಊದಿದರೆ ವಾದ ಬೇಡ, ಹಿಂದೆ ಸರಿಯಿರಿ.

ಸಂಜೆ ಸರ್ವಿಸ್ ನಡೆಯುವ ಮೈದಾನಕ್ಕೆ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ಅಂದು ಬೆಳಿಗ್ಗೆ ಆ ಹಿರಿಯರ ಲೆಕ್ಕ ತಪ್ಪಿಸಿದ್ದ ಫಿಯಾಟ್ 124 ಅಲ್ಲಿ ನಿಂತಿತ್ತು, ಬಾನೆಟ್ ತೆರೆದು. ಒಳಗೆ ಜೋಡಿ ವೆಬರ್ ಕಾರ್ಬ್ಯುರೇಟರ್, ಸಾಲಾಗಿ ಗಾಳಿ ಎಳೆಯುವ ನಾಲ್ಕು ಬಾಯಿ. ನಾಲ್ಕೂ ಒಂದೇ ಸಮ ಉಸಿರಾಡದಿದ್ದರೆ ಎಂಜಿನ್ ತೊದಲುತ್ತದೆ. ಮೆಕ್ಯಾನಿಕ್ ಹುಡುಗಿ ಒಂದು ಮೊಳ ರಬ್ಬರ್ ಕೊಳವೆ ತೆಗೆದುಕೊಂಡು, ಒಂದು ತುದಿ ಮೊದಲ ಬಾಯಿಗೆ, ಇನ್ನೊಂದು ತುದಿ ತನ್ನ ಕಿವಿಗೆ ಇಟ್ಟುಕೊಂಡಳು. ಸ್ಸ್ಸ್ ಎನ್ನುವ ಸದ್ದು ಕೇಳಿದಳು, ಎರಡನೆಯದಕ್ಕೆ ಹೋದಳು, ಸ್ಕ್ರೂ ಒಂದು ಕಾಲು ಸುತ್ತು ತಿರುಗಿಸಿದಳು, ಮತ್ತೆ ಮೊದಲನೆಯದಕ್ಕೆ ಬಂದಳು. ಸುತ್ತ ಅಷ್ಟೊಂದು ಗಲಾಟೆ. ನಾನು ಹತ್ತಿರ ನಿಂತು ನೋಡುತ್ತಿದ್ದುದನ್ನು ಕಂಡು, ಏನೂ ಹೇಳದೆ, ಕೊಳವೆಯ ತುದಿಯನ್ನು ನನ್ನ ಕಡೆ ಚಾಚಿದಳು.